ದೊಡ್ಡ ಸ್ಕ್ರೀನ್ ಫೋನ್: ಇಂಚು ಬಿಟ್ಟು ಮಿಲಿಮೀಟರ್ ನೋಡಿದೆ

ಒಂದೇ ಫೋನ್ ಬಗ್ಗೆ ಒಬ್ಬರು "ಒಂದು ಕೈಯಲ್ಲಿ ಹಿಡಿಯೋಕೇ ಆಗಲ್ಲ, ಯಾರೂ ತಗೋಬೇಡಿ" ಅಂತ ಬರೆದಿದ್ದರು. ಅದರ ಕೆಳಗೇ ಇನ್ನೊಬ್ಬರು "ಇಷ್ಟು ಆರಾಮಾದ ಫೋನ್ ನಾನು ಇಲ್ಲಿಯವರೆಗೆ ಬಳಸಿಲ್ಲ" ಅಂದಿದ್ದರು. ಬ್ಯಾಟರಿ ಒಬ್ಬರಿಗೆ ಎರಡು ದಿನ ಬರುತ್ತದಂತೆ, ಇನ್ನೊಬ್ಬರಿಗೆ ಸಂಜೆಯೊಳಗೆ ಖಾಲಿಯಂತೆ. ಓದುತ್ತಾ ಹೋದಷ್ಟೂ ತಲೆ ಕೆಟ್ಟಿತು. ಕೊನೆಗೆ ರಿವ್ಯೂ ಓದುವುದನ್ನು ನಿಲ್ಲಿಸಿ, ಸ್ಕೇಲ್ ಮತ್ತು ಅಡುಗೆಮನೆಯ ತೂಕದ ಯಂತ್ರ ಹಿಡಿದು ಕೂತೆ. ಆಮೇಲೆ ಮತ್ತೆ ರಿವ್ಯೂ ಓದಿದಾಗ ಅದೇ ಮಾತುಗಳು ಬೇರೆಯೇ ಥರ ಅರ್ಥವಾದವು. ಹೇಗೆ ಅಂತ ಹೇಳುತ್ತೇನೆ, ಇದೇ ಗೊಂದಲದಲ್ಲಿ ಇರುವವರಿಗೆ ಉಪಯೋಗ ಆಗಬಹುದು.

ನನ್ನ ಹಳೆಯ ಫೋನ್ 5.5 ಇಂಚಿನದು. ಅಪ್‌ಡೇಟ್ ಬರುವುದು ಯಾವಾಗಲೋ ನಿಂತಿತ್ತು, ಬ್ಯಾಂಕಿನ ಆ್ಯಪ್ ಕೂಡ ಇನ್ನು ಈ ಫೋನಿನಲ್ಲಿ ನಡೆಯಲ್ಲ ಅಂದಮೇಲೆ ಹೊಸದು ತಗೊಳ್ಳಲೇಬೇಕಾಯಿತು. ನಾನು ಫೋನಿನಲ್ಲಿ ಜಾಸ್ತಿ ಮಾಡುವುದು ಓದುವ ಕೆಲಸ, ಅದರಲ್ಲೂ ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಪುಸ್ತಕಗಳ ಪಿಡಿಎಫ್. ಒತ್ತಕ್ಷರ ಕಾಣಿಸದೆ ಪ್ರತಿ ಸಾಲಿಗೂ ಎರಡು ಬೆರಳಿಟ್ಟು ಹಿಗ್ಗಿಸಿ ಓದುವುದು ಸಾಕಾಗಿ ಹೋಗಿತ್ತು. ಹಾಗಾಗಿ 6.7 ಇಂಚು ಅಂದರೆ ಅಕ್ಷರಗಳೂ ಅಷ್ಟೇ ದೊಡ್ಡದಾಗುತ್ತವೆ ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ?

ಹಾಗಿಲ್ಲ. ಸ್ಕ್ರೀನಿನ ಇಂಚು ಅನ್ನುವುದು ಒಂದು ಮೂಲೆಯಿಂದ ಎದುರಿನ ಮೂಲೆಗೆ ಅಳೆದ ಉದ್ದ. ಹಳೆಯ ಫೋನುಗಳ ಸ್ಕ್ರೀನ್ 16:9 ಅಳತೆಯಲ್ಲಿ (ಅಗಲ 9 ಪಾಲಾದರೆ ಉದ್ದ 16 ಪಾಲು) ಇರುತ್ತಿತ್ತು, ಈಗಿನವು ಹೆಚ್ಚಾಗಿ 20:9ರ ಆಸುಪಾಸು, ಅಂದರೆ ಉದ್ದಕ್ಕೆ ಬೆಳೆದಿವೆ. ಲೆಕ್ಕ ಹಾಕಿದರೆ 5.5 ಇಂಚಿನ ಹಳೆಯ ಸ್ಕ್ರೀನಿನ ಅಗಲ ಸುಮಾರು 68 ಮಿ.ಮೀ., ಹೊಸ 6.7 ಇಂಚಿನದು ಸುಮಾರು 70 ಮಿ.ಮೀ. ಇಷ್ಟೇ ವ್ಯತ್ಯಾಸ! ಉದ್ದ ಮಾತ್ರ 122 ಮಿ.ಮೀ.ಯಿಂದ 155ಕ್ಕೆ ಹೋಗಿದೆ. ಮಾಮೂಲಿ 16:9 ವಿಡಿಯೊ ಹಾಕಿ ಫೋನ್ ಅಡ್ಡ ಹಿಡಿದರೆ ಎರಡು ಬದಿಯಲ್ಲೂ ಕಪ್ಪು ಪಟ್ಟಿ ಬಂದು, ಚಿತ್ರ ಹಳೆಯ ಫೋನಿನಲ್ಲಿ ಕಂಡಷ್ಟೇ ದೊಡ್ಡದಾಗಿ ಕಾಣುತ್ತದೆ. ಸುಮ್ನೆ ವಿಡಿಯೊ ನೋಡುವುದಕ್ಕೆ ಅಂತ 5.5ರಿಂದ 6.7ಕ್ಕೆ ಹೋಗುವವರು ಈ ಒಂದು ಲೆಕ್ಕ ನೋಡಲೇಬೇಕು. "ದೊಡ್ಡ ಸ್ಕ್ರೀನ್ ಅಂತ ತಗೊಂಡೆ, ಏನೂ ದೊಡ್ಡದಿಲ್ಲ" ಅಂತ ಬರೆದವರು ಬಹುಶಃ ಇಂಥವರೇ, ಅವರು ಸುಳ್ಳು ಹೇಳುತ್ತಿಲ್ಲ.

ಪಿಡಿಎಫ್ ಪುಟ ಸ್ಕ್ರೀನಿನ ಅಗಲಕ್ಕೆ ಹೊಂದಿಕೊಳ್ಳುತ್ತದೆ. ಆದ್ದರಿಂದ ಫೋನ್ ನೆಟ್ಟಗೆ ಹಿಡಿದು ಓದಿದರೆ ನನ್ನ ಅಕ್ಷರಗಳು ಬೆಳೆಯುವುದೇ ಇಲ್ಲ. ಆದರೆ ಅಡ್ಡ ಹಿಡಿದರೆ ಲೆಕ್ಕ ಬದಲಾಗುತ್ತದೆ. ಡೆಮಿ 1/8 ಅಳತೆಯ ಪುಸ್ತಕದ ಪುಟ ಸುಮಾರು 140 ಮಿ.ಮೀ. ಅಗಲ ಇರುತ್ತದೆ. 122 ಮಿ.ಮೀ.ಯಲ್ಲಿ ಅದು ಕುಗ್ಗಿಯೇ ಕಾಣಬೇಕು. 155ರಲ್ಲಿ ಕ್ಯಾಮೆರಾ ತೂತಿನ ಜಾಗ ಬಿಟ್ಟರೂ ಅಚ್ಚಿನಲ್ಲಿ ಇದ್ದಷ್ಟೇ ದೊಡ್ಡದಾಗಿ ಅಕ್ಷರ ಕಾಣುತ್ತದೆ, ಒಂದು ಸಲಕ್ಕೆ ಅರ್ಧ ಪುಟಕ್ಕಿಂತ ಕಡಿಮೆ ಕಂಡರೂ ಪರವಾಗಿಲ್ಲ. ಇದು ಗೊತ್ತಾದ ಮೇಲೆ ದೊಡ್ಡದು ನನಗೆ ಬೇಕೇ ಬೇಕು ಅನಿಸಿತು. ಟೈಪ್ ಮಾಡುವಾಗಲೂ ಇದೇ ಉದ್ದ ಕೆಲಸಕ್ಕೆ ಬರುತ್ತದೆ. ಹಳೆಯದರಲ್ಲಿ ಕನ್ನಡ ಕೀಬೋರ್ಡ್ ತೆರೆದರೆ ಅರ್ಧ ಸ್ಕ್ರೀನ್ ಅದೇ ತಿನ್ನುತ್ತಿತ್ತು, ಯಾವ ಮೆಸೇಜಿಗೆ ಉತ್ತರ ಬರೆಯುತ್ತಿದ್ದೇನೆ ಅಂತ ಮೇಲೆ ಸರಿಸಿ ಸರಿಸಿ ನೋಡಬೇಕಿತ್ತು.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಸ್ಕ್ರೀನ್ ದೊಡ್ಡದಾಗಿದ್ದು ರೆಸಲ್ಯೂಷನ್ (ಚಿತ್ರ ಮೂಡಿಸುವ ಪುಟ್ಟ ಚುಕ್ಕೆಗಳ, ಅಂದರೆ ಪಿಕ್ಸೆಲ್‌ಗಳ ಲೆಕ್ಕ) 720 x 1600 ಮಾತ್ರ ಇರುವ ಫೋನುಗಳಿವೆ. 6.7 ಇಂಚಿನಲ್ಲಿ ಅದು ಇಂಚಿಗೆ ಸುಮಾರು 262 ಪಿಕ್ಸೆಲ್ ಆಗುತ್ತದೆ. 1080 x 2400 ಇದ್ದರೆ ಸುಮಾರು 393. ಇಂಗ್ಲಿಷ್ ಓದುವವರಿಗೆ ಮೊದಲನೆಯದೂ ನಡೆಯಬಹುದು. ಆದರೆ "ರಾಷ್ಟ್ರ", "ಸ್ತ್ರೀ", "ಲಕ್ಷ್ಮಿ" ಇಂಥ ಪದಗಳನ್ನು ಸಣ್ಣ ಫಾಂಟಿನಲ್ಲಿ ಎರಡರಲ್ಲೂ ತೆರೆದು ಅಕ್ಕಪಕ್ಕ ಇಟ್ಟು ನೋಡಿ. ಕೆಳಗಿನ ಎರಡನೇ ಒತ್ತು 262ರಲ್ಲಿ ಮಸುಕಾಗಿ ಒಂದಕ್ಕೊಂದು ಅಂಟಿಕೊಂಡ ಹಾಗೆ ಕಾಣುತ್ತದೆ. ಕನ್ನಡ ಓದುವವರು ಇಲ್ಲಿ ರಾಜಿ ಮಾಡಿಕೊಳ್ಳಬಾರದು ಅಂತ ನನ್ನ ಖಚಿತ ಅಭಿಪ್ರಾಯ.

ಕಣ್ಣಿನ ಲೆಕ್ಕ ಮುಗಿಯಿತು, ಇನ್ನು ಕೈಯದು. ಕೈಗೆ ಸ್ಕ್ರೀನಿನ ಅಗಲ ಲೆಕ್ಕಕ್ಕಿಲ್ಲ, ಇಡೀ ಫೋನಿನ ಅಗಲ ಮತ್ತು ತೂಕ ಮುಖ್ಯ. 2011ರಲ್ಲಿ ಬಂದ ಮೊದಲ ಗ್ಯಾಲಕ್ಸಿ ನೋಟ್ ಸ್ಕ್ರೀನ್ 5.3 ಇಂಚು, ಆದರೆ ಫೋನ್ ಅಗಲ 83 ಮಿ.ಮೀ. 2023ರ ಐಫೋನ್ 15 ಪ್ರೊ ಮ್ಯಾಕ್ಸ್ ಸ್ಕ್ರೀನ್ 6.7 ಇಂಚು, ಫೋನ್ ಅಗಲ 77 ಮಿ.ಮೀ.ಯೂ ಇಲ್ಲ. ಅಂಚುಗಳು ತೆಳ್ಳಗಾಗಿವೆ, ಅದಕ್ಕೇ. ನನ್ನ ಹಳೆಯ ಫೋನ್ ಅಳೆದರೆ 76 ಮಿ.ಮೀ. ಬಂತು. ಅಂದರೆ ಅಗಲದ ವಿಷಯದಲ್ಲಿ ಹೆದರುವಂಥದ್ದು ಏನೂ ಇರಲಿಲ್ಲ, ಇಷ್ಟು ವರ್ಷ ಹಿಡಿದದ್ದೂ ಅದನ್ನೇ.

ಉಳಿದದ್ದು ಉದ್ದ ಮತ್ತು ತೂಕ. ನಾನು ಎರಡು ಫೋನುಗಳ ನಡುವೆ ತೂಗಾಡುತ್ತಿದ್ದೆ. ಒಂದು 6.8 ಇಂಚಿನದು, 78 ಮಿ.ಮೀ. ಅಗಲ, 230 ಗ್ರಾಂ ಮೀರಿದ್ದು, ಅಂಚು ಬಾಗಿದ ಸ್ಕ್ರೀನ್. ಇನ್ನೊಂದು 6.7 ಇಂಚಿನದು, 76 ಮಿ.ಮೀ., 190 ಗ್ರಾಂ, ಸಮತಟ್ಟಾದ ಸ್ಕ್ರೀನ್. ದಪ್ಪ ರಟ್ಟನ್ನು ಎರಡರ ಅಳತೆಗೂ ಕತ್ತರಿಸಿ, ಪದರ ಪದರವಾಗಿ ಅಂಟಿಸಿ, ಒಳಗೆ ನಾಣ್ಯಗಳನ್ನು ಹರಡಿ ಟೇಪ್ ಸುತ್ತಿ ಸರಿಯಾದ ತೂಕಕ್ಕೆ ತಂದೆ. ಜೊತೆಗೆ ಕವರಿನದೂ ಇರಲಿ ಅಂತ 30 ಗ್ರಾಂ ಸೇರಿಸಿದೆ, ಕವರ್ ಇಲ್ಲದೆ ಯಾರು ಬಳಸುತ್ತಾರೆ? ತೂಕ ಒಂದೇ ಕಡೆ ಕೂರದ ಹಾಗೆ ನೋಡಿಕೊಳ್ಳಬೇಕು, ಮೇಲ್ಭಾಗ ಭಾರವಾದರೆ ಕೈಗೆ ಬೇರೆಯೇ ಥರ ಅನಿಸುತ್ತದೆ.

ಆಮೇಲೆ ಆ ರಟ್ಟನ್ನು ಫೋನ್ ಹಿಡಿಯುವ ಹಾಗೇ ಹಿಡಿದು ಓಡಾಡಿದೆ. ಜೇಬಿಗೆ ಹಾಕಿ ಮೆಟ್ಟಿಲು ಹತ್ತಿದೆ, ಕೂತೆ, ಬಗ್ಗಿದೆ. ಮಲಗಿ ಮುಖದ ಮೇಲೆ ಹಿಡಿದು ನೋಡಿದೆ. ವ್ಯತ್ಯಾಸ ಗೊತ್ತಾಗಿದ್ದು ಕಿರುಬೆರಳಿನಲ್ಲಿ. ಫೋನ್ ಜಾರದಿರಲಿ ಅಂತ ನಾನು ಕಿರುಬೆರಳನ್ನು ಕೆಳಗೆ ಆಸರೆಯಾಗಿ ಕೊಡುತ್ತೇನೆ, ತುಂಬಾ ಜನ ಹೀಗೇ ಹಿಡಿಯುತ್ತಾರೆ. ಹಗುರದ ರಟ್ಟು ಹಿಡಿದು ಸಾಕಷ್ಟು ಹೊತ್ತು ಕೂತರೂ ಏನೂ ಅನಿಸಲಿಲ್ಲ. ಭಾರದ್ದು ಹಿಡಿದಾಗ ಸ್ವಲ್ಪ ಹೊತ್ತಿಗೇ ಬೆರಳಿನ ಬದಿಯಲ್ಲಿ ಗೆರೆ ಮೂಡಿ, ಮಣಿಕಟ್ಟು ಒಳಕ್ಕೆ ವಾಲತೊಡಗಿತು. 40 ಗ್ರಾಂ ಏನು ಮಹಾ ಅಂತ ಕಾಗದದ ಮೇಲೆ ಅನಿಸುತ್ತದೆ, ಕೈ ಹಾಗೆ ಹೇಳುವುದಿಲ್ಲ.

ಇಷ್ಟಾದ ಮೇಲೆ ರಿವ್ಯೂಗಳಿಗೆ ವಾಪಸ್ ಹೋದೆ. ಈ ಸಲ ಐದು ಸ್ಟಾರ್, ಒಂದು ಸ್ಟಾರ್ ಎರಡನ್ನೂ ಬದಿಗಿಟ್ಟು ಮೂರು ಸ್ಟಾರಿನವನ್ನು ಮೊದಲು ಓದಿದೆ. ಅಲ್ಲಿ ಬರೆದವರು ಇಷ್ಟವಾದದ್ದನ್ನೂ ಆಗದ್ದನ್ನೂ ಎರಡೂ ಹೇಳುತ್ತಾರೆ. ಡಬ್ಬ ಹರಿದಿತ್ತು, ತಡವಾಗಿ ಬಂತು ಅನ್ನುವವೆಲ್ಲ ಫೋನಿನ ದೂರುಗಳೇ ಅಲ್ಲ, ಬಿಟ್ಟುಬಿಟ್ಟೆ. ಕೈಗೆ ಬಂದ ದಿನವೇ ಬರೆದದ್ದಕ್ಕಿಂತ ಕೆಲವು ತಿಂಗಳು ಬಳಸಿ ಬರೆದದ್ದಕ್ಕೆ ಬೆಲೆ ಜಾಸ್ತಿ. ಮುಖ್ಯವಾಗಿ ನೋಡಿದ್ದು ಅವರು ಯಾವ ಫೋನಿನಿಂದ ಇದಕ್ಕೆ ಬಂದರು ಅಂತ. ಪುಟ್ಟ ಫೋನ್ ಬಿಟ್ಟು ಬಂದವರಿಗೆ ಇದು ರಾಕ್ಷಸ, ಇದಕ್ಕಿಂತ ಭಾರದ್ದು ಬಿಟ್ಟು ಬಂದವರಿಗೆ ಇದು ಹಗುರ. ಇಬ್ಬರ ಮಾತೂ ನಿಜ. ನನ್ನ ಥರ 5.5ರಿಂದ ಬಂದವರ ಮಾತು ಮಾತ್ರ ನನಗೆ ಅನ್ವಯ. ಬ್ಯಾಟರಿಯೂ ಹಾಗೇ. ಸಿಗ್ನಲ್ ಕಡಿಮೆ ಇರುವ ಕಡೆ ಇರುವವರಿಗೆ, ಬಿಸಿಲಿನಲ್ಲಿ ಬ್ರೈಟ್‌ನೆಸ್ ಪೂರ್ತಿ ಇಟ್ಟುಕೊಳ್ಳುವವರಿಗೆ ಅದೇ 5000 ಎಂಎಎಚ್ ಸಾಮರ್ಥ್ಯದ ಬ್ಯಾಟರಿ ಬೇಗ ಮುಗಿಯುತ್ತದೆ.

ಒಂದು ದೂರು ಮಾತ್ರ ನನ್ನನ್ನು ಕಾಡಿತು: "ರಾತ್ರಿ ಓದಿದರೆ ತಲೆನೋವು". ಓಎಲ್‌ಇಡಿ (ಪ್ರತಿ ಚುಕ್ಕೆಯೂ ತಾನೇ ಬೆಳಗುವ ಥರದ) ಸ್ಕ್ರೀನುಗಳಲ್ಲಿ ಹಲವು, ಬೆಳಕು ಕಡಿಮೆ ಮಾಡಲು ಸೆಕೆಂಡಿಗೆ ನೂರಾರು ಅಥವಾ ಸಾವಿರಾರು ಸಲ ಹತ್ತಿ ಆರುತ್ತವೆ. ಕೆಲವು ಫೋನುಗಳಲ್ಲಿ ಇದು 240 ಸಲ, ಇನ್ನು ಕೆಲವುಗಳಲ್ಲಿ 1920 ಅಥವಾ ಅದಕ್ಕೂ ಹೆಚ್ಚು. ಹೆಚ್ಚಿನವರಿಗೆ ಗೊತ್ತೇ ಆಗಲ್ಲ, ಕೆಲವರ ಕಣ್ಣಿಗೆ ನಿಜವಾಗಿ ತೊಂದರೆ ಕೊಡುತ್ತದೆ. ಅಂಗಡಿಯಲ್ಲಿ ನೋಡಿ ಇದು ತಿಳಿಯುವುದಿಲ್ಲ, ಅಲ್ಲಿ ಬ್ರೈಟ್‌ನೆಸ್ ಪೂರ್ತಿ ಏರಿಸಿ ಇಟ್ಟಿರುತ್ತಾರೆ. ಈ ದೂರು ಬಂದಿದ್ದ ಮಾದರಿಯೇ ಗೆಳೆಯನ ಹತ್ತಿರ ಇತ್ತು. ಒಂದು ರಾತ್ರಿ ಕೇಳಿ ತಂದು, ದೀಪ ಆರಿಸಿ, ಬ್ರೈಟ್‌ನೆಸ್ ತೀರಾ ಇಳಿಸಿ ಓದಿದೆ. ನನಗೆ ಏನೂ ಆಗಲಿಲ್ಲ. ಕಣ್ಣು ಸೂಕ್ಷ್ಮ ಇರುವವರು ಈ ಪರೀಕ್ಷೆ ಮಾಡದೆ ತಗೊಳ್ಳಬೇಡಿ.

ಹಗುರದ್ದನ್ನೇ ತಗೊಂಡೆ. ಬಂದ ಕೂಡಲೇ ಮಾಡಿದ ಮೊದಲ ಕೆಲಸ ಸೆಟ್ಟಿಂಗ್ಸ್‌ನಲ್ಲಿ ಒಂದು ಕೈ ಮೋಡ್ ಆನ್ ಮಾಡಿದ್ದು. ಕೆಳಗಿನ ಅಂಚಿನಲ್ಲಿ ಬೆರಳು ಕೆಳಕ್ಕೆ ಎಳೆದರೆ ಇಡೀ ಸ್ಕ್ರೀನ್ ಅರ್ಧಕ್ಕೆ ಇಳಿಯುತ್ತದೆ, ಮೇಲಿನ ಮೂಲೆಗೆ ಹೆಬ್ಬೆರಳು ಚಾಚುವ ಕಷ್ಟ ಇಲ್ಲ. ಕೀಬೋರ್ಡನ್ನೂ ಬಲಕ್ಕೆ ಸರಿಸಿದೆ. ಫಾಂಟ್ ಸೈಜ್ ಒಂದು ಹಂತ ಏರಿಸಿ, ಡಿಸ್‌ಪ್ಲೇ ಸೈಜ್ ಒಂದು ಹಂತ ಇಳಿಸಿದೆ, ಆಗ ಐಕಾನುಗಳು ಚಿಕ್ಕದಾಗಿ ಓದುವ ಅಕ್ಷರ ಮಾತ್ರ ದೊಡ್ಡದಾಯಿತು. ಪಿಡಿಎಫ್ ಅಡ್ಡ ಹಿಡಿದೇ ಓದುತ್ತೇನೆ, ಹಿಗ್ಗಿಸುವ ಕೆಲಸ ಪೂರ್ತಿ ತಪ್ಪಿದೆ. ಅಂಗಿಯ ಜೇಬಿಗೆ ಮಾತ್ರ ಇದು ಆಗಿಬರಲಿಲ್ಲ. ಉದ್ದ ಜಾಸ್ತಿಯಾಗಿ ಬಗ್ಗಿದರೆ ಹೊರಕ್ಕೆ ಜಾರುತ್ತದೆ, ಹಾಗಾಗಿ ಈಗ ಚೀಲದಲ್ಲೇ ಇಡುತ್ತೇನೆ. ನಿಂತುಕೊಂಡೋ ನಡೆಯುತ್ತಲೋ ಒಂದೇ ಕೈಯಲ್ಲಿ ದಿನವಿಡೀ ಫೋನ್ ಬಳಸುವ ಕೆಲಸ ನಿಮ್ಮದಾದರೆ, ಓದುವ ಅಭ್ಯಾಸವೂ ಅಷ್ಟಿಲ್ಲದಿದ್ದರೆ, 6.1 ಇಂಚಿನ ಆಸುಪಾಸಿನದನ್ನೇ ನೋಡಿ ಅನ್ನುತ್ತೇನೆ.