ಯುದ್ಧ ಮುಗಿದ ಮೇಲೆ ಕೇಂದ್ರ ಗುಪ್ತಚರ ಸಂಸ್ಥೆಯನ್ನು ಕಟ್ಟುವ ಕ್ರಮ

ಯುದ್ಧ ಮುಗಿದ ಕೂಡಲೇ ಸರ್ಕಾರದ ಮೇಲೆ ಎರಡು ಕಡೆಯಿಂದ ಒತ್ತಡ ಬರುತ್ತದೆ. ಸೈನಿಕರನ್ನು ಮನೆಗೆ ಕಳುಹಿಸಿ, ಖರ್ಚು ಇಳಿಸಿ, ಯುದ್ಧಕಾಲದ ಗುಪ್ತ ಕಚೇರಿಗಳನ್ನು ಮುಚ್ಚಿ ಎಂದು ಜನರೂ ಶಾಸಕಾಂಗವೂ ಕೇಳುತ್ತಾರೆ; ಇನ್ನೊಮ್ಮೆ ಅರಿವಿಲ್ಲದೆ ಏಟು ತಿನ್ನುವಂತಾಗಬಾರದು ಎಂದೂ ಅವರೇ ಕೇಳುತ್ತಾರೆ. 1944ರಿಂದ 1953ರವರೆಗೆ ಅಮೆರಿಕ ಈ ಎಳೆದಾಟದ ನಡುವೆಯೇ ತನ್ನ ಕೇಂದ್ರ ಗುಪ್ತಚರ ಸಂಸ್ಥೆಯಾದ ಸಿಐಎಯನ್ನು ಕಟ್ಟಿತು. ಅದು ಇಟ್ಟ ಹೆಜ್ಜೆಗಳ ದಾಖಲೆ ಬಹುಮಟ್ಟಿಗೆ ಇಂದು ಬಹಿರಂಗವಾಗಿರುವುದರಿಂದ, ಇಂಥ ಸಂಸ್ಥೆಯ ಕರಡನ್ನು ಸಿದ್ಧಪಡಿಸಬೇಕಾದವರು ಯಾವುದನ್ನು ಯಾವಾಗ ತೀರ್ಮಾನಿಸಬೇಕು ಎಂಬುದನ್ನು ಅದರಿಂದಲೇ ಹೆಚ್ಚು ಸ್ಪಷ್ಟವಾಗಿ ಕಲಿಯಬಹುದು. ಸಂಸ್ಥೆ ಏನು ಮಾಡಬೇಕು ಎಂಬುದನ್ನು ಎಲ್ಲರೂ ಉತ್ಸಾಹದಿಂದ ಬರೆಯುತ್ತಾರೆ. ಏನು ಮಾಡಬಾರದು, ಅದನ್ನು ಯಾರು ನೋಡಿಕೊಳ್ಳಬೇಕು ಎಂಬುದನ್ನು ಮೊದಲ ಎರಡು ಮೂರು ವರ್ಷಗಳಲ್ಲೇ ಕಾನೂನಿಗೆ ಸೇರಿಸದಿದ್ದರೆ ಆಮೇಲೆ ಸೇರಿಸಲು ದಶಕಗಳೇ ಹಿಡಿಯುತ್ತವೆ ಎಂಬುದು ಈ ಬರಹದ ನಿಲುವು.

ವೈಫಲ್ಯ ಎಲ್ಲಿತ್ತೆಂದು ಮೊದಲು ಗುರುತಿಸಿ

ಹೊಸ ಸಂಸ್ಥೆಯ ನಕ್ಷೆ ಬರೆಯುವ ಮುನ್ನ ಹಳೆಯ ವ್ಯವಸ್ಥೆ ಎಲ್ಲಿ ಸೋತಿತು ಎಂಬುದು ಗೊತ್ತಾಗಬೇಕು. ಮಾಹಿತಿಯೇ ಸಿಗದೆ ಸೋಲುವುದು ಒಂದು ಬಗೆ. ಸಿಕ್ಕ ಮಾಹಿತಿಯನ್ನು ಒಟ್ಟಿಗಿಟ್ಟು ಓದುವವರಿಲ್ಲದೆ ಸೋಲುವುದು ಇನ್ನೊಂದು ಬಗೆ. ಜಪಾನಿನ ರಾಜತಾಂತ್ರಿಕ ಸಂಕೇತಲಿಪಿಯನ್ನು ಅಮೆರಿಕದವರು 1940ರಲ್ಲೇ ಒಡೆದಿದ್ದರು. ಆದರೆ ಭೂಸೇನೆ ಮತ್ತು ನೌಕಾಪಡೆ ಪರಸ್ಪರ ಬಿಟ್ಟುಕೊಡಲು ಒಪ್ಪದ ಕಾರಣ, ಸಮ ಸಂಖ್ಯೆಯ ತಾರೀಖಿನ ಸಂದೇಶಗಳನ್ನು ಭೂಸೇನೆಯೂ ಬೆಸ ಸಂಖ್ಯೆಯ ತಾರೀಖಿನವನ್ನು ನೌಕಾಪಡೆಯೂ ಬಿಡಿಸುವ ವಿಚಿತ್ರ ಏರ್ಪಾಡು ಜಾರಿಯಲ್ಲಿತ್ತು. 1941ರ ಡಿಸೆಂಬರ್ 7ರಂದು ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ನಡೆಸಿದಾಗ ಸುಳಿವುಗಳ ಕೊರತೆಗಿಂತ ಹೆಚ್ಚಾಗಿ ಕಾಡಿದ್ದು, ಆ ಸುಳಿವುಗಳೆಲ್ಲವನ್ನೂ ಒಂದೇ ಮೇಜಿನ ಮೇಲೆ ಇಟ್ಟು ನೋಡುವ ಹೊಣೆ ಯಾರಿಗೂ ಇಲ್ಲದಿದ್ದದ್ದು. ಕೇಂದ್ರೀಕರಣ ಗುಣಪಡಿಸುವುದು ಈ ಎರಡನೆಯ ರೋಗವನ್ನು ಮಾತ್ರ. ಮೊದಲನೆಯದಾಗಿದ್ದರೆ ಹೊಸ ಕಟ್ಟಡಕ್ಕಿಂತ ಭಾಷೆ ಬಲ್ಲವರು ಮತ್ತು ಗಡಿಯಾಚೆಗಿನ ಮೂಲಗಳು ಹೆಚ್ಚು ಬೇಕಾಗುತ್ತವೆ.

ಆದ್ದರಿಂದ ವಿಚಾರಣಾ ಸಮಿತಿಯನ್ನು ನೆನಪು ಹಸಿಯಾಗಿರುವಾಗಲೇ ನೇಮಿಸಬೇಕು. ಕಾರ್ಗಿಲ್ ಯುದ್ಧ ಮುಗಿದ ಕೆಲವೇ ದಿನಗಳಲ್ಲಿ, 1999ರ ಜುಲೈ 29ರಂದು, ಭಾರತ ಸರ್ಕಾರ ಕೆ. ಸುಬ್ರಹ್ಮಣ್ಯಂ ಅವರ ಅಧ್ಯಕ್ಷತೆಯಲ್ಲಿ ಪರಾಮರ್ಶೆ ಸಮಿತಿಯನ್ನು ರಚಿಸಿತು. ಆ ವರ್ಷ ಮುಗಿಯುವುದರೊಳಗೆ ವರದಿ ಬಂತು, ಕೆಲವು ಭಾಗಗಳನ್ನು ಕೈಬಿಟ್ಟು ಅದನ್ನು ಸಂಸತ್ತಿನ ಮುಂದಿಡಲಾಯಿತು. 1962ರ ಸೋಲನ್ನು ಕುರಿತ ಹೆಂಡರ್ಸನ್ ಬ್ರೂಕ್ಸ್ ವರದಿಯನ್ನು ಮಾತ್ರ ಸರ್ಕಾರ ಈವರೆಗೂ ಅಧಿಕೃತವಾಗಿ ಬಿಡುಗಡೆ ಮಾಡಿಲ್ಲ. ಈ ಎರಡರಲ್ಲಿ ಅನುಸರಿಸಬೇಕಾದ ಮಾದರಿ ಯಾವುದೆಂದು ಹೇಳಬೇಕಾಗಿಲ್ಲ.

ಹಳೆಯದನ್ನು ಮುಚ್ಚುವ ಮೊದಲು ಹೊಸದು ಸಿದ್ಧವಿರಲಿ

ಯುದ್ಧಕಾಲದ ಅಮೆರಿಕದ ಬೇಹುಗಾರಿಕಾ ಸಂಸ್ಥೆ ಓಎಸ್‌ಎಸ್‌ನ ಮುಖ್ಯಸ್ಥ ವಿಲಿಯಂ ಡೊನೊವನ್ ಅವರು 1944ರ ನವೆಂಬರ್ 18ರಂದು ಅಧ್ಯಕ್ಷ ರೂಸ್‌ವೆಲ್ಟ್ ಅವರಿಗೆ ಒಂದು ಟಿಪ್ಪಣಿ ಸಲ್ಲಿಸಿದರು. ಶಾಂತಿಕಾಲದಲ್ಲಿಯೂ ಕೇಂದ್ರ ಗುಪ್ತಚರ ಸಂಸ್ಥೆಯೊಂದು ಬೇಕು, ಅದು ಯಾವ ಇಲಾಖೆಗೂ ಅಧೀನವಾಗದೆ ನೇರವಾಗಿ ಅಧ್ಯಕ್ಷರಿಗೆ ವರದಿ ಮಾಡಬೇಕು ಎಂಬುದು ಅದರ ತಿರುಳು. ಭೂಸೇನೆ, ನೌಕಾಪಡೆ, ವಿದೇಶಾಂಗ ಇಲಾಖೆ, ದೇಶದೊಳಗಿನ ತನಿಖಾ ಸಂಸ್ಥೆಯಾದ ಎಫ್‌ಬಿಐ ಎಲ್ಲವೂ ಅದನ್ನು ವಿರೋಧಿಸಿದವು. 1945ರ ಫೆಬ್ರವರಿಯಲ್ಲಿ ಟಿಪ್ಪಣಿ ಪತ್ರಿಕೆಗಳಿಗೆ ಸೋರಿಕೆಯಾಗಿ, ಅಮೆರಿಕದಲ್ಲಿಯೂ ಹಿಟ್ಲರನ ರಹಸ್ಯ ಪೊಲೀಸ್ ಪಡೆ ಗೆಸ್ಟಾಪೊದಂಥದ್ದು ಹುಟ್ಟುತ್ತಿದೆ ಎಂಬ ಗುಲ್ಲೆದ್ದಿತು. ಏಪ್ರಿಲ್ 12ರಂದು ರೂಸ್‌ವೆಲ್ಟ್ ತೀರಿಕೊಂಡರು. ಅಧಿಕಾರಕ್ಕೆ ಬಂದ ಟ್ರೂಮನ್ ಸೆಪ್ಟೆಂಬರ್ 20ರಂದು ಆದೇಶ ಹೊರಡಿಸಿ, ಅಕ್ಟೋಬರ್ 1ರಿಂದ ಜಾರಿಗೆ ಬರುವಂತೆ ಓಎಸ್‌ಎಸ್ಅನ್ನು ವಿಸರ್ಜಿಸಿದರು. ಅದರ ಸಂಶೋಧನೆ ಮತ್ತು ವಿಶ್ಲೇಷಣಾ ಶಾಖೆ ವಿದೇಶಾಂಗ ಇಲಾಖೆಗೆ ಹೋಯಿತು. ಬೇಹುಗಾರರ ಜಾಲ ಮತ್ತು ಶತ್ರುವಿನ ಬೇಹುಗಾರರನ್ನು ಪತ್ತೆಹಚ್ಚುವ ಪ್ರತಿಬೇಹುಗಾರಿಕೆಯ ಶಾಖೆ ಯುದ್ಧ ಇಲಾಖೆಯ ಪಾಲಾದವು.

ಇಲ್ಲಿ ಮೂರು ಎಚ್ಚರಿಕೆಗಳಿವೆ. ಯೋಜನೆ ಒಬ್ಬ ವ್ಯಕ್ತಿಯ ಹೆಸರಿಗೆ ಅಂಟಿಕೊಂಡರೆ ಆ ವ್ಯಕ್ತಿಯ ವಿರೋಧಿಗಳೆಲ್ಲ ಯೋಜನೆಯ ವಿರೋಧಿಗಳಾಗುತ್ತಾರೆ. ಕರಡನ್ನು ಹಲವು ಇಲಾಖೆಗಳ ಸಹಿಯೊಂದಿಗೆ ಹೊರತರುವುದು ಲೇಸು. ಸಂಸ್ಥೆಯ ರೂಪರೇಖೆಯನ್ನು ಗುಟ್ಟಾಗಿಡುವುದರಿಂದ ಲಾಭವಿಲ್ಲ, ಗುಟ್ಟಾಗಿರಬೇಕಾದದ್ದು ಅದರ ಕೆಲಸ. ರೂಪರೇಖೆಯನ್ನು ಸರ್ಕಾರವೇ ಮೊದಲು ಪ್ರಕಟಿಸಿದರೆ ಸೋರಿಕೆಗೆ ಬೆಲೆಯಿರುವುದಿಲ್ಲ. ಮೂರನೆಯದಾಗಿ, ಮೂಲಗಳು ಒಮ್ಮೆ ಚದುರಿದರೆ ಮತ್ತೆ ಕೂಡುವುದು ಕಷ್ಟ. ಯುದ್ಧ ಇಲಾಖೆಗೆ ಬಂದ ತುಂಡನ್ನು ಬ್ರಿಗೇಡಿಯರ್ ಜನರಲ್ ಜಾನ್ ಮ್ಯಾಗ್ರೂಡರ್ ಚದುರಲು ಬಿಡದೆ ಕಾಯ್ದದ್ದರಿಂದಲೇ ಮುಂದೆ ಸಿಐಎಗೆ ವಿದೇಶಗಳಲ್ಲಿ ನೆಲೆಗಳು ಸಿಕ್ಕವು. ಅಂಥ ಅಧಿಕಾರಿಯೊಬ್ಬ ಸಿಗುತ್ತಾನೆಂದು ನೆಚ್ಚಿಕೊಂಡು ಯೋಜನೆ ಮಾಡಲಾಗದು. ವಿಸರ್ಜನೆಯ ಆದೇಶದಲ್ಲೇ ಕಡತಗಳು, ಸಿಬ್ಬಂದಿ ಮತ್ತು ವಿದೇಶದ ನೆಲೆಗಳು ಯಾರ ಸುಪರ್ದಿಗೆ, ಎಷ್ಟು ಕಾಲಕ್ಕೆ ಹೋಗುತ್ತವೆ ಎಂಬುದನ್ನು ಬರೆಯಬೇಕು.

ದಿನಪತ್ರದಿಂದ ಆರಂಭಿಸಿ

ನಾಲ್ಕು ತಿಂಗಳೊಳಗೆ ಟ್ರೂಮನ್ ಮನಸ್ಸು ಬದಲಾಯಿಸಿದರು. ಬೇರೆ ಬೇರೆ ಇಲಾಖೆಗಳಿಂದ ಒಂದಕ್ಕೊಂದು ಹೊಂದದ ವರದಿಗಳು ತಮ್ಮ ಮೇಜಿಗೆ ಬರುತ್ತಿದ್ದದ್ದು ಅವರಿಗೆ ಸಾಕಾಗಿತ್ತು. 1946ರ ಜನವರಿ 22ರ ನಿರ್ದೇಶನದಂತೆ ವಿದೇಶಾಂಗ, ಯುದ್ಧ ಮತ್ತು ನೌಕಾ ಇಲಾಖೆಗಳ ಕಾರ್ಯದರ್ಶಿಗಳೂ ಅಧ್ಯಕ್ಷರ ಪ್ರತಿನಿಧಿ ಅಡ್ಮಿರಲ್ ಲೇಹಿಯೂ ಇದ್ದ ಒಂದು ಪ್ರಾಧಿಕಾರ, ಅದರ ಕೈಕೆಳಗೆ ಕೇಂದ್ರ ಗುಪ್ತಚರ ಗುಂಪು ಎಂಬ ಚಿಕ್ಕ ಕಚೇರಿ ಹುಟ್ಟಿದವು. ಮೊದಲ ನಿರ್ದೇಶಕ ಸಿಡ್ನಿ ಸೌಯರ್ಸ್ ಅವರಿಗೆ ಟ್ರೂಮನ್ ಕಪ್ಪು ನಿಲುವಂಗಿ ಮತ್ತು ಮರದ ಕಠಾರಿ ಕೊಟ್ಟು ತಮಾಷೆ ಮಾಡಿದರು. ಕಚೇರಿಗೆ ಆಗ ನಿಜವಾಗಿ ಇದ್ದ ಬಲವೂ ಆ ಕಠಾರಿಯಷ್ಟೇ: ಸ್ವಂತ ಬಜೆಟ್ ಇಲ್ಲ, ಸಿಬ್ಬಂದಿ ಮೂರೂ ಇಲಾಖೆಗಳಿಂದ ಎರವಲು ಬಂದವರು.

ಆದರೂ ಅದು ಮಾಡಿದ ಮೊದಲ ಕೆಲಸ ಸರಿಯಾಗಿತ್ತು. 1946ರ ಫೆಬ್ರವರಿ 15ರಿಂದ ಅಧ್ಯಕ್ಷರಿಗಾಗಿ ದೈನಂದಿನ ಸಾರಾಂಶವೊಂದನ್ನು ಹೊರತರತೊಡಗಿತು. ಹೊಸ ಸಂಸ್ಥೆ ಇಂಥದೊಂದು ಪತ್ರದಿಂದ ಆರಂಭವಾಗುವುದು ಒಳ್ಳೆಯದು, ಏಕೆಂದರೆ ಓದುಗ ಯಾರು, ಅವನಿಗೆ ಬೇಕಾದದ್ದೇನು ಎಂಬುದು ಆಗ ಪ್ರತಿದಿನವೂ ಸ್ಪಷ್ಟವಾಗುತ್ತಾ ಹೋಗುತ್ತದೆ. ಇಲಾಖೆಗಳೂ ತಾವು ಕಳುಹಿಸಿದ ಮಾಹಿತಿ ಆ ಪುಟದಲ್ಲಿ ಬಂದಿದೆಯೇ ಎಂದು ನೋಡಲು ಆರಂಭಿಸಿ, ಕಳುಹಿಸುವ ಅಭ್ಯಾಸಕ್ಕೆ ಬೀಳುತ್ತವೆ. ಎರವಲು ಸಿಬ್ಬಂದಿಯ ಸ್ಥಿತಿಯನ್ನು ಮಾತ್ರ ಒಂದು ವರ್ಷಕ್ಕಿಂತ ಹೆಚ್ಚು ಮುಂದುವರಿಸಬಾರದು. ಬಡ್ತಿ ಮಾತೃ ಇಲಾಖೆಯ ಕೈಯಲ್ಲಿರುವವನು ಆ ಇಲಾಖೆಗೆ ಮುಜುಗರ ತರುವ ವಾಕ್ಯವನ್ನು ಬರೆಯುವುದಿಲ್ಲ. ಸೌಯರ್ಸ್ ನಂತರ ಬಂದ ಹೋಯ್ಟ್ ವ್ಯಾಂಡನ್‌ಬರ್ಗ್ ಇದನ್ನು ಮನಗಂಡು ಮ್ಯಾಗ್ರೂಡರ್ ಕಾಯ್ದಿದ್ದ ಜಾಲವನ್ನು ತಮ್ಮ ಕಚೇರಿಗೆ ಸೇರಿಸಿಕೊಂಡರು, ಲ್ಯಾಟಿನ್ ಅಮೆರಿಕದ ಬೇಹುಗಾರಿಕೆಯನ್ನು ಎಫ್‌ಬಿಐಯಿಂದ ಪಡೆದರು, ಕಾನೂನಿನ ಬೆಂಬಲಕ್ಕಾಗಿ ಪಟ್ಟುಹಿಡಿದರು.

ಕಾನೂನು: ನಿಷೇಧಗಳನ್ನು ಮೊದಲು ಬರೆಯಿರಿ

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಬೇಡುವುದು ಇದು. ಟ್ರೂಮನ್ 1947ರ ಜುಲೈ 26ರಂದು ರಾಷ್ಟ್ರೀಯ ಭದ್ರತಾ ಕಾಯ್ದೆಗೆ ಸಹಿ ಹಾಕಿದರು, ಸೆಪ್ಟೆಂಬರ್ 18ರಂದು ಸಿಐಎ ಅಸ್ತಿತ್ವಕ್ಕೆ ಬಂತು. ಸಂಸ್ಥೆಗೆ ಪೊಲೀಸ್ ಅಧಿಕಾರವಾಗಲಿ, ಸಮನ್ಸ್ ಹೊರಡಿಸುವ ಅಧಿಕಾರವಾಗಲಿ, ಆಂತರಿಕ ಭದ್ರತೆಯ ಹೊಣೆಯಾಗಲಿ ಇರಕೂಡದು ಎಂದು ಕಾಯ್ದೆಯೇ ಹೇಳಿತು. ಗೆಸ್ಟಾಪೊದ ನೆನಪು ಇನ್ನೂ ಬಿಸಿಯಾಗಿದ್ದರಿಂದ ಈ ವಾಕ್ಯ ಸುಲಭವಾಗಿ ಒಳಬಂತು. ಹತ್ತು ವರ್ಷ ತಡವಾಗಿದ್ದರೆ ಬರುತ್ತಿತ್ತೆಂದು ನನಗನ್ನಿಸುವುದಿಲ್ಲ. ಪಶ್ಚಿಮ ಜರ್ಮನಿಯಲ್ಲಿಯೂ ಮಿತ್ರರಾಷ್ಟ್ರಗಳ ಸೇನಾ ಗವರ್ನರರು 1949ರ ಏಪ್ರಿಲ್‌ನಲ್ಲಿ, ಸರ್ಕಾರವನ್ನು ಬುಡಮೇಲು ಮಾಡುವ ಚಟುವಟಿಕೆಗಳ ಬಗ್ಗೆ ಮಾಹಿತಿ ಕೂಡಿಸುವ ಕಚೇರಿ ಇರಬಹುದು, ಆದರೆ ಅದಕ್ಕೆ ಪೊಲೀಸ್ ಅಧಿಕಾರ ಇರಬಾರದು ಎಂದು ಲಿಖಿತವಾಗಿ ತಿಳಿಸಿದರು. ಇದಕ್ಕೆ ವ್ಯತಿರಿಕ್ತವಾಗಿ ದಕ್ಷಿಣ ಕೊರಿಯಾದಲ್ಲಿ 1961ರಲ್ಲಿ ಸ್ಥಾಪಿತವಾದ ಕೇಂದ್ರ ಗುಪ್ತಚರ ಸಂಸ್ಥೆಗೆ ವಿದೇಶದ ಬೇಹುಗಾರಿಕೆಯೊಂದಿಗೆ ದೇಶದೊಳಗೆ ತನಿಖೆ ಮಾಡುವ, ಬಂಧಿಸುವ ಅಧಿಕಾರವೂ ಸಿಕ್ಕಿತು. ಅದು ವಿರೋಧ ಪಕ್ಷದವರನ್ನೂ ವಿದ್ಯಾರ್ಥಿಗಳನ್ನೂ ಬೇಟೆಯಾಡಿತು. ಕೊನೆಗೆ 1979ರ ಅಕ್ಟೋಬರ್ 26ರಂದು ಅದರ ನಿರ್ದೇಶಕ ಕಿಮ್ ಜೇಗ್ಯು ಅಧ್ಯಕ್ಷ ಪಾರ್ಕ್ ಚುಂಗ್ ಹೀ ಅವರನ್ನೇ ಗುಂಡಿಕ್ಕಿ ಕೊಂದರು.

ಅಮೆರಿಕದ ಕಾಯ್ದೆಯ ದುರ್ಬಲ ಜಾಗವೂ ಅದೇ ಪರಿಚ್ಛೇದದಲ್ಲಿದೆ. ಸಂಸ್ಥೆಯ ಕರ್ತವ್ಯಗಳನ್ನು ಹೇಳುವ ಪಟ್ಟಿಯ ಕೊನೆಯಲ್ಲಿ, ರಾಷ್ಟ್ರೀಯ ಭದ್ರತೆಗೆ ಸಂಬಂಧಿಸಿದ ಗುಪ್ತಚರ ವಿಷಯಗಳಲ್ಲಿ ಅಧ್ಯಕ್ಷರ ನೇತೃತ್ವದ ರಾಷ್ಟ್ರೀಯ ಭದ್ರತಾ ಮಂಡಳಿ ಕಾಲಕಾಲಕ್ಕೆ ಸೂಚಿಸುವ ಇತರ ಕೆಲಸಗಳನ್ನೂ ಅದು ಮಾಡಬಹುದು ಎಂಬರ್ಥದ ಒಂದು ಸಾಲನ್ನು ಸೇರಿಸಲಾಗಿತ್ತು. ಕಾಯ್ದೆ ಜಾರಿಯಾಗಿ ಮೂರು ತಿಂಗಳಾಗುವಷ್ಟರಲ್ಲಿ, 1947ರ ಡಿಸೆಂಬರ್‌ನಲ್ಲಿ, ಮಂಡಳಿ ಗುಪ್ತ ಪ್ರಚಾರದ ಕೆಲಸವನ್ನು ಸಿಐಎಗೆ ಒಪ್ಪಿಸಿತು. 1948ರ ಏಪ್ರಿಲ್‌ನ ಇಟಲಿ ಚುನಾವಣೆಯಲ್ಲಿ ಸಿಐಎಯ ಹಣ ಹರಿಯಿತು. ಅದೇ ವರ್ಷದ ಜೂನ್ 18ರ ನಿರ್ದೇಶನ ವಿಧ್ವಂಸಕ ಕೃತ್ಯಗಳನ್ನೂ ಭೂಗತ ಪ್ರತಿರೋಧಕ್ಕೆ ನೆರವನ್ನೂ ಸೇರಿಸಿತು, ಫ್ರಾಂಕ್ ವಿಸ್ನರ್ ಅವರ ಕೈಕೆಳಗೆ ಇದಕ್ಕೆಂದೇ ಪ್ರತ್ಯೇಕ ಕಚೇರಿ ಬಂತು. 1953ರಲ್ಲಿ ಇರಾನಿನ, 1954ರಲ್ಲಿ ಗ್ವಾಟೆಮಾಲಾದ ಸರ್ಕಾರಗಳನ್ನು ಉರುಳಿಸುವ ಕಾರ್ಯಾಚರಣೆಗಳು ನಡೆದವು. ಸಂಸ್ಥೆ ತಾನು ಉದ್ದೇಶಿಸಿದ ದಾರಿಯಿಂದ ಸರಿದು ಕಾರ್ಯಾಚರಣೆಗೆ ಇಳಿದಿದೆ ಎಂದು 1963ರ ಡಿಸೆಂಬರ್‌ನಲ್ಲಿ ಟ್ರೂಮನ್ ಪತ್ರಿಕೆಯಲ್ಲಿ ಬರೆದರು. ಆದರೆ ಆ ಮೊದಲ ನಿರ್ದೇಶನಗಳೆಲ್ಲ ಹೊರಬಿದ್ದದ್ದು ಅವರದೇ ಆಡಳಿತದಲ್ಲಿ ಎಂಬುದನ್ನು ಓದುಗರು ಮರೆಯಬಾರದು.

ಆದ್ದರಿಂದ ಕರಡಿನಲ್ಲಿ ಕರ್ತವ್ಯಗಳ ಪಟ್ಟಿ ಮುಚ್ಚಿದ ಪಟ್ಟಿಯಾಗಿರಬೇಕು. ‘ಇತರ ಕೆಲಸಗಳು’ ಎಂಬ ಪದಗಳು ಬೇಕೇ ಬೇಕೆಂದು ಸಚಿವಾಲಯ ಒತ್ತಾಯಿಸಿದರೆ, ಅಂಥ ಪ್ರತಿಯೊಂದು ಸೂಚನೆಯೂ ಲಿಖಿತವಾಗಿರಬೇಕು, ಸಂಸದೀಯ ಸಮಿತಿಯೊಂದಕ್ಕೆ ಗೊತ್ತುಪಡಿಸಿದ ದಿನಗಳೊಳಗೆ ತಲುಪಬೇಕು, ನವೀಕರಿಸದಿದ್ದರೆ ತಾನಾಗಿ ರದ್ದಾಗಬೇಕು ಎಂಬ ಷರತ್ತುಗಳನ್ನು ಅದೇ ಸಾಲಿನಲ್ಲಿ ಸೇರಿಸಬೇಕು. ನಿಯಮಾವಳಿಗೆ ಬಿಟ್ಟರೆ ಆಗದು.

ಕಾನೂನೇ ಇಲ್ಲದೆ ಕಟ್ಟುವ ದಾರಿಯೂ ಇದೆ, ಭಾರತ ಹಿಡಿದದ್ದು ಅದನ್ನೇ. 1962 ಮತ್ತು 1965ರ ಯುದ್ಧಗಳ ಅನುಭವದ ಮೇಲೆ 1968ರ ಸೆಪ್ಟೆಂಬರ್‌ನಲ್ಲಿ ಗುಪ್ತಚರ ದಳದ ವಿದೇಶ ವಿಭಾಗವನ್ನು ಬೇರ್ಪಡಿಸಿ, ಆರ್. ಎನ್. ಕಾವ್ ಅವರ ನೇತೃತ್ವದಲ್ಲಿ ಸಂಪುಟ ಸಚಿವಾಲಯದಡಿ ‘ರಾ’ ಸ್ಥಾಪನೆಯಾಯಿತು. ಆಡಳಿತಾತ್ಮಕ ಆದೇಶದಿಂದ ಹುಟ್ಟಿದ್ದರಿಂದ ಅದು ಬೇಗ ಕೆಲಸಕ್ಕೆ ಇಳಿಯಿತು, ಮೂರೇ ವರ್ಷಗಳಲ್ಲಿ ಬಾಂಗ್ಲಾದೇಶದ ಯುದ್ಧಕ್ಕೆ ಒದಗಿತು. ಆದರೆ ಅದರ ಅಧಿಕಾರದ ಎಲ್ಲೆಯನ್ನು ಹೇಳುವ ಕಾಯ್ದೆ ಇಂದಿಗೂ ಇಲ್ಲ. 2011ರಲ್ಲಿ ಮನೀಶ್ ತಿವಾರಿ ಮಂಡಿಸಿದ ಖಾಸಗಿ ಮಸೂದೆ ಕಾನೂನಾಗಲಿಲ್ಲ. ಆದೇಶದ ದಾರಿ ಹಿಡಿಯುವವರು ಅದರಲ್ಲೇ ಇಷ್ಟು ವರ್ಷದೊಳಗೆ ಮಸೂದೆ ಮಂಡಿಸುತ್ತೇವೆ ಎಂದು ಬರೆದು ತಮ್ಮ ಕೈಯನ್ನು ತಾವೇ ಕಟ್ಟಿಕೊಳ್ಳಬೇಕು.

ಹಣ ಮತ್ತು ಜನ

1949ರ ಜೂನ್ 20ರ ಸಿಐಎ ಕಾಯ್ದೆಯಂತೆ ಸಂಸ್ಥೆಯ ಬಜೆಟ್ ಬೇರೆ ಇಲಾಖೆಗಳ ಲೆಕ್ಕದೊಳಗೆ ಅಡಗಿತು, ಗೋಪ್ಯ ಖರ್ಚಿಗೆ ನಿರ್ದೇಶಕರ ಪ್ರಮಾಣಪತ್ರವೇ ಸಾಕಾಯಿತು. ಮೊತ್ತವನ್ನು ಸಾರ್ವಜನಿಕರಿಂದ ಮರೆಮಾಡುವುದು ಅರ್ಥವಾಗುವ ಮಾತು. ಆದರೆ ಪ್ರಮಾಣವಚನ ಸ್ವೀಕರಿಸಿದ ಕೆಲವೇ ಶಾಸಕರ ಸ್ಥಾಯಿ ಸಮಿತಿಯೊಂದು ಅದನ್ನು ಸಾಲುಸಾಲಾಗಿ ನೋಡಬೇಕೆಂಬ ನಿಯಮ ಜೊತೆಗೇ ಬರಬೇಕಿತ್ತು. ಸೆನೆಟ್‌ನಲ್ಲಿ ಅಂಥ ಸಮಿತಿ ಬಂದದ್ದು 1976ರಲ್ಲಿ, ಅದೂ ಸೆನೆಟರ್ ಫ್ರಾಂಕ್ ಚರ್ಚ್ ಅಧ್ಯಕ್ಷತೆಯ ಸಮಿತಿಯ ವಿಚಾರಣೆ ಹಗರಣಗಳನ್ನು ಹೊರಗೆಳೆದ ಮೇಲೆ.

ಸಿಬ್ಬಂದಿಯ ವಿಷಯದಲ್ಲಿ ಯುದ್ಧಕಾಲದ ಅನುಭವಿಗಳನ್ನು ಬಿಡಲಾಗದು, ಅವರಿಂದಲೇ ತುಂಬಲೂ ಆಗದು. ಸೋತ ಶತ್ರುವಿನ ಗುಪ್ತಚರರನ್ನು ಸೇರಿಸಿಕೊಳ್ಳುವ ಆಸೆ ಇನ್ನೂ ಅಪಾಯಕಾರಿ. ಹಿಟ್ಲರನ ಸೈನ್ಯದಲ್ಲಿ ಪೂರ್ವ ರಂಗದ ಗುಪ್ತಚರ ಮುಖ್ಯಸ್ಥನಾಗಿದ್ದ ರೈನ್‌ಹಾರ್ಡ್ ಗೇಲೆನ್‌ನನ್ನು ಅಮೆರಿಕ 1946ರಿಂದ ಪೋಷಿಸಿತು. ಅವನ ಸಂಸ್ಥೆಯೇ 1956ರಲ್ಲಿ ಪಶ್ಚಿಮ ಜರ್ಮನಿಯ ವಿದೇಶ ಗುಪ್ತಚರ ಸಂಸ್ಥೆಯಾಯಿತು. ಅಲ್ಲಿ ಸೋವಿಯತ್ ವಿರುದ್ಧದ ಪ್ರತಿಬೇಹುಗಾರಿಕೆ ನೋಡಿಕೊಳ್ಳುತ್ತಿದ್ದ, ಹಿಂದೆ ನಾಜಿಗಳ ಸಶಸ್ತ್ರ ಸಂಘಟನೆ ಎಸ್‌ಎಸ್‌ನಲ್ಲಿದ್ದ ಹೈನ್ಜ್ ಫೆಲ್ಫೆ ಸೋವಿಯತ್ ಗೂಢಚಾರನೇ ಆಗಿದ್ದುದು 1961ರ ನವೆಂಬರ್‌ನಲ್ಲಿ ಅವನ ಬಂಧನದೊಂದಿಗೆ ಬಯಲಾಯಿತು. ಹಿನ್ನೆಲೆ ಪರಿಶೀಲಿಸುವವರು ಮತ್ತು ಪರಿಶೀಲನೆಗೆ ಒಳಗಾಗುವವರು ಒಂದೇ ಹಳೆಯ ಬಳಗದವರಾಗಿದ್ದರೆ ಆಗುವುದೇ ಇದು. ನೇಮಕಾತಿಯ ಪರಿಶೀಲನೆ ಆ ಬಳಗದ ಹೊರಗಿನವರ ಕೈಯಲ್ಲಿರಬೇಕು.

ಅಂದಾಜು ಬರೆಯುವವರನ್ನು ಪ್ರತ್ಯೇಕವಾಗಿಡಿ

ಸೋವಿಯತ್ ಒಕ್ಕೂಟ ಅಣುಬಾಂಬ್ ತಯಾರಿಸಲು ಬಹುಶಃ 1953ರ ಮಧ್ಯಭಾಗದವರೆಗೆ ಸಮಯ ಹಿಡಿಯಬಹುದು ಎಂದು ಸಿಐಎ 1949ರ ಸೆಪ್ಟೆಂಬರ್ 20ರಂದು ಬರೆಯಿತು. ಬಾಂಬ್ ಆಗಸ್ಟ್ 29ರಂದೇ ಸಿಡಿದಿತ್ತು. 1950ರ ಜೂನ್ 25ರಂದು ಕೊರಿಯಾ ಯುದ್ಧ ಆರಂಭವಾದಾಗಲೂ ವಾಷಿಂಗ್ಟನ್ ಬೆಚ್ಚಿಬಿತ್ತು. ಆ ಅಕ್ಟೋಬರ್‌ನಲ್ಲಿ ನಿರ್ದೇಶಕರಾದ ವಾಲ್ಟರ್ ಬೆಡೆಲ್ ಸ್ಮಿತ್, ಹಾರ್ವರ್ಡ್‌ನ ಇತಿಹಾಸಕಾರ ವಿಲಿಯಂ ಲ್ಯಾಂಗರ್ ಅವರನ್ನು ಕರೆತಂದು, ರಾಷ್ಟ್ರೀಯ ಅಂದಾಜುಗಳನ್ನು ಬರೆಯುವುದಕ್ಕೆಂದೇ ಒಂದು ಕಚೇರಿ ತೆರೆದರು. ಅಲ್ಲಿ ಸಿದ್ಧವಾದ ಕರಡನ್ನು ಎಲ್ಲ ಇಲಾಖೆಗಳೂ ಕೂತು ಚರ್ಚಿಸುತ್ತಿದ್ದವು, ಒಪ್ಪದವರ ಅಭಿಪ್ರಾಯ ಅಡಿಟಿಪ್ಪಣಿಯಾಗಿ ಉಳಿಯುತ್ತಿತ್ತು. ಭಿನ್ನಮತವನ್ನು ಅಳಿಸದ ಈ ಪದ್ಧತಿ ಯಾವ ದೇಶವಾದರೂ ಹಾಗೆಯೇ ಎತ್ತಿಕೊಳ್ಳಬಹುದಾದದ್ದು. ಸಂಕೇತಲಿಪಿ ಬಿಡಿಸುವ ಕೆಲಸ ಮಾತ್ರ 1952ರ ನವೆಂಬರ್‌ನಲ್ಲಿ ಎನ್‌ಎಸ್‌ಎ ಎಂಬ ಪ್ರತ್ಯೇಕ ಸಂಸ್ಥೆಯಾಗಿ ರಕ್ಷಣಾ ಇಲಾಖೆಯಲ್ಲೇ ಉಳಿಯಿತು. ಸಂಗ್ರಹ ಹಲವು ಕೈಗಳಲ್ಲಿದ್ದರೂ ನಡೆಯುತ್ತದೆ, ಓದುವ ಮೇಜು ಒಂದಿದ್ದರೆ ಸಾಕು.

ಬೆಡೆಲ್ ಸ್ಮಿತ್ ಜಾರಿಗೆ ತಂದ ಬದಲಾವಣೆಗಳಲ್ಲಿ ಬಹುಪಾಲು ಹೊಸವಲ್ಲ. ಸಂಸ್ಥೆಯ ಕೆಲಸವನ್ನು ಪರಿಶೀಲಿಸಲು 1948ರಲ್ಲೇ ನೇಮಕವಾಗಿದ್ದ ಆಲನ್ ಡಲಸ್, ವಿಲಿಯಂ ಜಾಕ್ಸನ್ ಮತ್ತು ಮಥಾಯಸ್ ಕೊರಿಯಾ ಅವರ ಸಮಿತಿ 1949ರ ಜನವರಿಯಲ್ಲಿ ಕಟುವಾದ ವರದಿ ಕೊಟ್ಟಿತ್ತು. ಅದರ ಮುಖ್ಯ ಶಿಫಾರಸುಗಳಿಗೆ ಜೀವ ಬರಲು ಕೊರಿಯಾ ಯುದ್ಧವೇ ಬೇಕಾಯಿತು. ಕರಡಿನ ಕೊನೆಯ ಪರಿಚ್ಛೇದವನ್ನು ಇದಕ್ಕಾಗಿಯೇ ಮೀಸಲಿಡಿ: ಎರಡನೆಯ ವರ್ಷದ ಕೊನೆಗೆ ಹೊರಗಿನವರಿಂದ ಪರಿಶೀಲನೆ ನಡೆಯಬೇಕು, ವರದಿ ಬಂದ ಆರು ತಿಂಗಳೊಳಗೆ ಪ್ರತಿಯೊಂದು ಶಿಫಾರಸಿಗೂ ನಿರ್ದೇಶಕರು ಲಿಖಿತ ಉತ್ತರ ಕೊಡಬೇಕು, ಒಪ್ಪಿದ್ದನ್ನು ಜಾರಿಗೆ ತರುವ ಅಧಿಕಾರಿಯ ಹುದ್ದೆ ಮತ್ತು ಗಡುವು ಆ ಉತ್ತರದಲ್ಲೇ ಇರಬೇಕು.