ಬೆಂಗಳೂರಿನ ಅಂಗಳಕ್ಕೊಂದು ಬಹುವಾರ್ಷಿಕ ಹೂಪಾತಿ: ಗಿಡ, ಗಡ್ಡೆ, ಹುಲ್ಲುಗಳ ಆಯ್ಕೆ

2024ರ ಮಾರ್ಚ್ ತಿಂಗಳಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಬಾರದೆಂದು ಆದೇಶಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡವನ್ನು ಗೊತ್ತುಪಡಿಸಿತು. ಮನೆ ಮುಂದಿನ ಪಾತಿಗಳಲ್ಲಿ ಯಾವ ಗಿಡ ಗಟ್ಟಿ, ಯಾವುದು ಟೊಳ್ಳು ಎಂಬುದು ಆ ಬೇಸಿಗೆಯಲ್ಲಿ ತಾನಾಗಿಯೇ ತಿಳಿದುಹೋಯಿತು. ಪ್ರತಿವರ್ಷ ಹೊಸದಾಗಿ ಕೊಂಡು ನೆಡುವ ಪೆಟೂನಿಯ, ಡಯಾಂಥಸ್‌ಗಳು ಸೊರಗಿ ಬಿದ್ದ ಪಾತಿಯಲ್ಲಿಯೇ, ಗಡ್ಡೆಯೊಳಗೆ ನೀರನ್ನೂ ಆಹಾರವನ್ನೂ ಕೂಡಿಟ್ಟುಕೊಂಡ ಮಳೆಲಿಲ್ಲಿ ಸುಮ್ಮನೆ ಮಲಗಿದ್ದು, ಮೊದಲ ಮಳೆಗೆ ಎದ್ದು ಹೂಬಿಟ್ಟಿತು. ಹೊಸ ಪಾತಿಗೆ ಗಿಡಗಳನ್ನು ಆರಿಸುವಾಗ ನಾನು ಈಗ ಮೊದಲು ನೆನೆಯುವುದು ಆ ಮಾರ್ಚ್ ತಿಂಗಳನ್ನು.

ಇಂಗ್ಲೆಂಡಿನ ತೋಟಗಾರರು ಒಂದು ಗಿಡವನ್ನು ಗಟ್ಟಿ ಎನ್ನುವುದು, ಅದು ನೆಲ ಹೆಪ್ಪುಗಟ್ಟುವ ಚಳಿಗಾಲವನ್ನು ಬಯಲಿನಲ್ಲಿಯೇ ಕಳೆದು ವಸಂತದಲ್ಲಿ ಮತ್ತೆ ಚಿಗುರಿದರೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಈವರೆಗೆ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ ಸೆಲ್ಸಿಯಸ್, ಅದೂ 1884ರ ಜನವರಿಯಲ್ಲಿ. ಹೀಗಾಗಿ ನಮ್ಮಲ್ಲಿ ಗಿಡ ಎದುರಿಸಬೇಕಾದ ಪರೀಕ್ಷೆಗಳು ಬೇರೆಯೇ: ಫೆಬ್ರವರಿಯಿಂದ ಭರಣಿ ಮಳೆಯವರೆಗಿನ ಒಣಹವೆ ಒಂದು, ಉತ್ತರೆಯಿಂದ ಚಿತ್ತೆಯವರೆಗೆ ಬುಡ ಆರದಂತೆ ಸುರಿಯುವ ಮಳೆ ಇನ್ನೊಂದು. ಒಣಗನ್ನು ತಾಳುವ ಎಷ್ಟೋ ಗಿಡಗಳು ಅಕ್ಟೋಬರಿನ ತೇವಕ್ಕೆ ಕೊಳೆಯುತ್ತವೆ. ಎರಡನ್ನೂ ದಾಟುವಂಥದನ್ನೇ ಇಲ್ಲಿ ಗಟ್ಟಿ ಎನ್ನಬೇಕು.

ಈ ಕಾರಣದಿಂದ ಟ್ಯೂಲಿಪ್, ಡ್ಯಾಫೊಡಿಲ್‌ಗಳ ಆಸೆಯನ್ನು ಮೊದಲೇ ಬಿಡುವುದು ಒಳ್ಳೆಯದು. ಟ್ಯೂಲಿಪ್ ಗಡ್ಡೆಯೊಳಗಿನ ಹೂದಂಟು ಸರಿಯಾಗಿ ನೀಳವಾಗಬೇಕಾದರೆ ಅದಕ್ಕೆ ಸುಮಾರು ಮೂರು ತಿಂಗಳ ಕಾಲ ಹತ್ತು ಡಿಗ್ರಿಗಿಂತ ಕೆಳಗಿನ ತಂಪು ಸಿಗಬೇಕು. ಶ್ರೀನಗರದಲ್ಲಿ ಆ ತಂಪನ್ನು ನೆಲವೇ ಕೊಡುತ್ತದೆ. ಇಲ್ಲಿ ಫ್ರಿಜ್ಜಿನಿಂದ ಕೊಟ್ಟರೆ ಒಂದು ಸಲ ಹೂ ಬಂದೀತು, ಮರುವರ್ಷ ಬರುವುದಿಲ್ಲ. ನಾನು ತರಕಾರಿ ಟ್ರೇಯಲ್ಲಿ ಇಟ್ಟಿದ್ದ ಒಂದು ಡಜನ್ ಗಡ್ಡೆಗಳನ್ನು ಮನೆಯವರು ಸಾಂಬಾರ್ ಈರುಳ್ಳಿಯೆಂದು ಸುಲಿಯಲು ಕುಳಿತಿದ್ದು ನನ್ನ ಟ್ಯೂಲಿಪ್ ಕೃಷಿಯ ಒಟ್ಟು ಇತಿಹಾಸ.

ಗಿಡ ಕೊಳ್ಳುವ ಮೊದಲು ಬಿಸಿಲನ್ನು ಲೆಕ್ಕ ಹಾಕಬೇಕು. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ನಡುಭಾಗದವರೆಗೆ ಮಧ್ಯಾಹ್ನದ ಸೂರ್ಯನು ನೆತ್ತಿಯಿಂದ ತುಸು ಉತ್ತರಕ್ಕೂ, ಉಳಿದ ತಿಂಗಳುಗಳಲ್ಲಿ ದಕ್ಷಿಣಕ್ಕೂ ಇರುತ್ತಾನೆ. ಮನೆಯ ಉತ್ತರ ಮಗ್ಗುಲಿನ ಪಾತಿಗೆ ಮೇ ತಿಂಗಳಲ್ಲಿ ಚೆನ್ನಾಗಿ ಬಿಸಿಲು ಬೀಳುತ್ತದೆ. ಅದೇ ಪಾತಿ ಡಿಸೆಂಬರಿನಲ್ಲಿ ಇಡೀ ದಿನ ಗೋಡೆಯ ನೆರಳಿನಲ್ಲಿರುತ್ತದೆ. ಬೇಸಿಗೆಯಲ್ಲಿ ನೋಡಿ ಬಿಸಿಲಿನ ಜಾಗವೆಂದು ನಂಬಿ ಅಲ್ಲಿ ಸೇವಂತಿಗೆ ಹಾಕಿದವರು, ಚಳಿಗಾಲದಲ್ಲಿ ನರಪೇತಲ ಗಿಡಗಳನ್ನು ನೋಡಿ ಗೊಬ್ಬರವನ್ನು ದೂರುತ್ತಾರೆ. ಪಶ್ಚಿಮಕ್ಕೆ ತೆರೆದ ಕಾಂಪೌಂಡ್ ಗೋಡೆಯ ಪಕ್ಕದ ಪಾತಿಯದು ಇನ್ನೊಂದು ಕಷ್ಟ: ಸಂಜೆಯವರೆಗೆ ಕಾದ ಗೋಡೆ ರಾತ್ರಿಯೂ ಬಿಸಿ ಬಿಡುವುದರಿಂದ ಅಲ್ಲಿಗೆ ಹುಲ್ಲುಗಳು ಮತ್ತು ಸ್ಫಟಿಕವೆಂಬ ಹೂಗಿಡದಂಥ ಪೊದೆಗಳು ಮಾತ್ರ ಹೊಂದುತ್ತವೆ.

ಮಣ್ಣಿನ ವಿಷಯದಲ್ಲಿ, ಹಳೆಯ ಬಡಾವಣೆಗಳ ಕೆಂಪು ಮಣ್ಣು ತೊಂದರೆ ಕೊಡುವುದು ಕಡಿಮೆ. ಹೊಸ ಮನೆಯ ಸುತ್ತಲಿನ ನೆಲದಲ್ಲಿ ಅರ್ಧ ಅಡಿ ಅಗೆದರೆ ಇಟ್ಟಿಗೆ ಚೂರು, ಗಾರೆ, ಸಿಮೆಂಟು ಸಿಗುತ್ತವೆ. ಅದು ಮಣ್ಣಿನ ಕ್ಷಾರವನ್ನು ಹೆಚ್ಚಿಸಿ ಎಲೆಗಳನ್ನು ಹಳದಿಗೆ ತಿರುಗಿಸುವುದರಿಂದ, ಒಂದು ಅಡಿ ಆಳದವರೆಗೆ ತೆಗೆದುಹಾಕದೆ ಬೇರೆ ದಾರಿಯಿಲ್ಲ. ನೀರು ಬಸಿಯುವುದನ್ನು ತಿಳಿಯಲು ಒಂದು ಅಡಿ ಗುಂಡಿ ತೋಡಿ, ನೀರು ತುಂಬಿ, ಇಂಗಿದ ಮೇಲೆ ಸಂಜೆ ಇನ್ನೊಮ್ಮೆ ತುಂಬಬೇಕು. ಎರಡನೆಯ ಸಲದ ನೀರು ಮರುದಿನ ಬೆಳಿಗ್ಗೆಯೂ ನಿಂತಿದ್ದರೆ ಆ ಜಾಗದಲ್ಲಿ ಗಡ್ಡೆ ಉಳಿಯುವುದಿಲ್ಲ; ಪಾತಿಯನ್ನು ಮುಕ್ಕಾಲು ಅಡಿ ಎತ್ತರಿಸಿ, ಮಣ್ಣಿಗೆ ದಪ್ಪ ಮರಳು ಮತ್ತು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೆರೆಸಬೇಕು. ಉತ್ತರ ಕರ್ನಾಟಕದ ಎರೆ ಮಣ್ಣಿನಲ್ಲಿ ಹೀಗೆ ಎತ್ತರಿಸುವುದು ಎಲ್ಲ ಪಾತಿಗೂ ಬೇಕಾದ ಕೆಲಸ.

ಹೂವಿನ ಕಾಲವನ್ನು ಹೊಂದಿಸುವ ಪಾಠ ಈ ಊರಿನಲ್ಲಿಯೇ ಇದೆ. 1908ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತ ಜರ್ಮನ್ ತೋಟಗಾರ ಗುಸ್ತಾವ್ ಕ್ರುಂಬಿಗಲ್ ಅವರು ಒಂದು ಜಾತಿಯ ಮರ ಹೂ ಮುಗಿಸುವ ಹೊತ್ತಿಗೆ ಇನ್ನೊಂದು ಅರಳುವಂತೆ ಬೆಂಗಳೂರಿನ ಬೀದಿಗಳಿಗೆ ಮರಗಳನ್ನು ಆರಿಸಿದರು. ನಾಲ್ಕು ಅಡಿ ಅಗಲದ ಪಾತಿಗೂ ಅದೇ ಲೆಕ್ಕ ಸಲ್ಲುತ್ತದೆ. ಕಾಗದದ ಮೇಲೆ ಹನ್ನೆರಡು ತಿಂಗಳ ಹೆಸರು ಬರೆದು, ಪ್ರತಿ ತಿಂಗಳಿಗೆ ಕನಿಷ್ಠ ಎರಡು ಗಿಡಗಳ ಹೂ ಸಿಗುವಂತೆ ತುಂಬಿಸಿ, ಖಾಲಿ ಉಳಿದ ತಿಂಗಳಿಗಷ್ಟೇ ಗಿಡ ಹುಡುಕಬೇಕು. ನರ್ಸರಿಯಲ್ಲಿ ಅಂದು ಅರಳಿ ನಿಂತಿದ್ದನ್ನೇ ಆರಿಸಿ ತಂದರೆ ಪಾತಿಯ ಹೂವೆಲ್ಲ ಒಂದೇ ತಿಂಗಳಲ್ಲಿ ಮುಗಿಯುತ್ತದೆ.

ಗಡ್ಡೆಗಳ ಪೈಕಿ ಮೊದಲ ಸ್ಥಾನವನ್ನು ನಾನು ಮಳೆಲಿಲ್ಲಿಗೆ ಕೊಡುತ್ತೇನೆ. ನರ್ಸರಿಗಳಲ್ಲಿ ಜೆಫಿರಾಂಥಸ್ ಎಂದೂ ಕರೆಯುವ ಇದರಲ್ಲಿ ಗುಲಾಬಿ, ಹಳದಿ, ಬಿಳಿ ಬಣ್ಣಗಳು ಸುಲಭವಾಗಿ ಸಿಗುತ್ತವೆ. ಒಣಗಿದ ನೆಲಕ್ಕೆ ಒಳ್ಳೆಯ ಮಳೆ ಬಿದ್ದ ಕೆಲವೇ ದಿನಗಳಲ್ಲಿ ಪಾತಿಯ ಅಂಚೆಲ್ಲ ಒಟ್ಟಿಗೆ ಅರಳುತ್ತದೆ. ಈ ಹೂವಿಗೆ ಮಳೆಯಷ್ಟೇ ಅದಕ್ಕೆ ಮುಂಚಿನ ಒಣಗೂ ಮುಖ್ಯವಾದ್ದರಿಂದ, ದಿನವೂ ಹನಿನೀರು ಸಿಗುವ ಕಡೆ ಇದು ಎಲೆಯನ್ನೇ ಹೆಚ್ಚಿಸಿಕೊಂಡು ಹೂವಿನಲ್ಲಿ ಜಿಪುಣತನ ತೋರುತ್ತದೆ. ಎರಡು ಅಂಗುಲ ಆಳದಲ್ಲಿ, ನಾಲ್ಕು ಅಂಗುಲಕ್ಕೊಂದರಂತೆ, ಒಂದು ಬಣ್ಣದ ಇಪ್ಪತ್ತು ಗಡ್ಡೆಗಳನ್ನಾದರೂ ಒಂದೇ ಕಡೆ ಹಾಕಬೇಕು. ಐದಾರು ಹಾಕಿದರೆ ಕಣ್ಣಿಗೇ ಬೀಳುವುದಿಲ್ಲ.

ಅಮರಿಲ್ಲಿಸ್ ಎಂಬ ಹೆಸರಿನಲ್ಲಿ ನಮ್ಮಲ್ಲಿ ಮಾರುವ ದೊಡ್ಡ ತುತ್ತೂರಿ ಹೂವಿನ ಗಡ್ಡೆ ವಾಸ್ತವವಾಗಿ ದಕ್ಷಿಣ ಅಮೆರಿಕದ ಹಿಪ್ಪಿಯಾಸ್ಟ್ರಮ್. ನೀರಿನ ಅಭಾವದ ಬೇಸಿಗೆಗೆ ಇಷ್ಟು ಒಗ್ಗುವ ದೊಡ್ಡ ಹೂ ಇನ್ನೊಂದಿಲ್ಲ. ಗಡ್ಡೆಯ ಕುತ್ತಿಗೆ ಮಣ್ಣಿನ ಮೇಲೆ ಕಾಣುವಂತೆ ನೆಟ್ಟು, ಡಿಸೆಂಬರ್‌ನಿಂದ ನೀರು ತಗ್ಗಿಸಿದರೆ ಬೇಸಿಗೆಯ ಮೊದಲ ತಿಂಗಳುಗಳಲ್ಲಿ ಹೂದಂಟು ಮೇಲೇಳುತ್ತದೆ. ಹೂ ಮುಗಿದ ಮೇಲಿನ ಎಲೆಗಳನ್ನು ಚೊಕ್ಕಟಕ್ಕಾಗಿ ಕತ್ತರಿಸುವುದು ದೊಡ್ಡ ತಪ್ಪು, ಏಕೆಂದರೆ ಮುಂದಿನ ವರ್ಷದ ಮೊಗ್ಗು ಆ ಎಲೆಗಳು ಮಾಡಿದ ಆಹಾರದಿಂದಲೇ ಗಡ್ಡೆಯೊಳಗೆ ರೂಪುಗೊಳ್ಳುತ್ತದೆ. ಮಳೆಗಾಲದಲ್ಲಿ ಕಪ್ಪು ಮೈಯ ಮೇಲೆ ತಿಳಿಬಣ್ಣದ ಚುಕ್ಕೆಗಳಿರುವ ಹುಳುಗಳು ಎಲೆಯ ಬುಡದಿಂದ ಗಡ್ಡೆಗೇ ಇಳಿಯುತ್ತವೆ. ವಾರಕ್ಕೊಮ್ಮೆ ಎಲೆ ಬಿಡಿಸಿ ನೋಡಿ ಕೈಯಿಂದ ಆರಿಸಿ ತೆಗೆದರೆ ಸಾಕಾಗುತ್ತದೆ.

ಸುಗಂಧರಾಜ ಹೊಲದ ಬೆಳೆಯೆಂದು ಅಂಗಳಕ್ಕೆ ತರದವರಿದ್ದಾರೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಹೊರತಂದ ಶೃಂಗಾರ್, ಪ್ರಜ್ವಲ್ ತಳಿಗಳು ಒಂಟಿ ಸುತ್ತಿನವು; ಎಸಳು ದಟ್ಟವಾದ ಜೋಡಿ ಸುತ್ತಿನ ತಳಿಗಳಿಗಿಂತ ಒಂಟಿ ಸುತ್ತಿನವಕ್ಕೇ ಪರಿಮಳ ಹೆಚ್ಚು. ಎರಡು ಅಂಗುಲ ಆಳ, ಮುಕ್ಕಾಲು ಅಡಿ ಅಂತರ ಸಾಕು. ಅಡಿಕೆಯಷ್ಟಾದರೂ ದಪ್ಪವಿರದ ಗಡ್ಡೆ ಮೊದಲ ವರ್ಷ ಹೂ ಕೊಡುವುದಿಲ್ಲ. ಕಿಟಕಿಯ ಬಳಿ ನೆಟ್ಟರೆ ಸಂಜೆಯ ಕಂಪು ಮನೆಯೊಳಗೂ ಬರುತ್ತದೆ. ಮೂರು ವರ್ಷಕ್ಕೊಮ್ಮೆ ಅಗೆದು, ಮರಿಗಡ್ಡೆ ಬಿಡಿಸಿ, ಮತ್ತೆ ನೆಡಬೇಕು.

ಅರೆನೆರಳಿನ ಮೂಲೆಗೆ ಮೇ ತಿಂಗಳಲ್ಲಿ ಕೆಂಪು ಚೆಂಡಿನಂತೆ ಅರಳುವ ಮೇ ಫ್ಲವರ್ ಹೊಂದುತ್ತದೆ. ಒಮ್ಮೆ ನೆಟ್ಟ ಮೇಲೆ ಅದನ್ನು ಕೆದಕದಿರುವುದೇ ಆರೈಕೆ. ಬೇಲಿಯೋ ಜಾಲರಿಯೋ ಇದ್ದರೆ ಗೌರಿ ಹೂವಿನ ಬಳ್ಳಿಯನ್ನು ಹಬ್ಬಿಸಬಹುದು. ಅದರ ಕವೆಯಂಥ ಗಡ್ಡೆಯ ತುದಿಯಲ್ಲಿ ಮಾತ್ರ ಮೊಳಕೆಯಿರುವುದರಿಂದ ತುದಿ ಮುರಿದ ಗಡ್ಡೆಗೆ ಹಣ ಕೊಡಬಾರದು. ಇದರ ಎಲ್ಲ ಭಾಗಗಳಲ್ಲಿಯೂ, ವಿಶೇಷವಾಗಿ ಗಡ್ಡೆಯಲ್ಲಿ, ಕೊಲ್ಚಿಸಿನ್ ಎಂಬ ವಿಷವಿದೆ. ಸಣ್ಣ ಮಕ್ಕಳಿರುವ ಮನೆಗೆ ಬೇಡ. ಡೇ ಲಿಲಿಯಲ್ಲಿ ವರ್ಷವಿಡೀ ಎಲೆ ಉಳಿಸಿಕೊಳ್ಳುವ ತಳಿಗಳನ್ನೇ ಕೇಳಿ ಕೊಳ್ಳಬೇಕು, ಚಳಿಗೆ ಎಲೆ ಕಳಚುವ ತಳಿಗಳು ನಮ್ಮ ಬೆಚ್ಚನೆಯ ಚಳಿಗಾಲದಲ್ಲಿ ಕ್ರಮೇಣ ಸೊರಗುತ್ತವೆ. ಅಗಪ್ಯಾಂಥಸ್ಸಿನ ನೀಲಿ ಗೊಂಚಲು ಮಡಿಕೇರಿಯಂಥ ತಂಪಿನ ಊರುಗಳಲ್ಲಿ ತೋರುವ ಉದಾರತೆಯನ್ನು ಬೆಂಗಳೂರಿನಲ್ಲಿ ತೋರುವುದಿಲ್ಲ.

ಬಹುವಾರ್ಷಿಕ ಹೂಗಿಡಗಳಲ್ಲಿ ನಮ್ಮ ಅಜ್ಜಿಯಂದಿರ ಹಿತ್ತಲಿನ ಸ್ಫಟಿಕಕ್ಕೆ ಸರಿಸಾಟಿಯಾದದ್ದನ್ನು ನಾನು ಕಂಡಿಲ್ಲ. ಮಳೆ ಹಿಂದೆ ಸರಿಯುವ ಹೊತ್ತಿಗೆ ನೇರಳೆ ಅಥವಾ ಬಿಳಿ ಹೂ ತುಂಬಿಕೊಂಡು ಚಳಿಗಾಲದವರೆಗೆ ಅರಳುತ್ತದೆ. ಹೂ ಮುಗಿದ ಮೇಲೆ ನೆಲದಿಂದ ಒಂದು ಅಡಿಗೆ ಕತ್ತರಿಸಿದರೆ ಬೇಸಿಗೆಯ ನೀರಿನ ಬೇಡಿಕೆಯೂ ತಗ್ಗುತ್ತದೆ. ಕನಕಾಂಬರ ಉದ್ದಕಾಲ ಹೂ ಕೊಡುತ್ತದೆ, ಆದರೆ ಅದರ ಬೇರಿಗೆ ಜಂತುಹುಳು ಗಂಟು ಕಟ್ಟುವುದರಿಂದ ನೆಡುವಾಗಲೇ ಗುಂಡಿಗೊಂದು ಹಿಡಿ ಬೇವಿನ ಹಿಂಡಿ ಹಾಕಬೇಕು. ಪೆಂಟಾಸ್ ಚಿಟ್ಟೆಗಳನ್ನು ಕರೆಯುತ್ತದೆ. ಜರ್ಬೆರಾ ನೆಡುವವರು ಅದರ ಸುಳಿ ಮಣ್ಣಿನಿಂದ ಮೇಲಿರುವಂತೆ ನೋಡಿಕೊಳ್ಳದಿದ್ದರೆ ಹಿಂಗಾರಿನಲ್ಲಿ ಅದನ್ನು ಕಳೆದುಕೊಳ್ಳುತ್ತಾರೆ.

ಸೇವಂತಿಗೆಯ ಬಗ್ಗೆ ಒಂದು ಮಾತು ಹೆಚ್ಚು ಹೇಳಬೇಕು. ರಾತ್ರಿ ದೀರ್ಘವಾದಾಗ ಮೊಗ್ಗು ಕಟ್ಟುವ ಗಿಡ ಅದು. ಬೀದಿದೀಪದ ಬೆಳಕು ರಾತ್ರಿಯಿಡೀ ಬೀಳುವ ಕಡೆ ನೆಟ್ಟರೆ ಗಿಡಕ್ಕೆ ರಾತ್ರಿಯೇ ಆಗುವುದಿಲ್ಲ. ಸೊಂಪಾಗಿ ಬೆಳೆದು ಎಲೆ ತೋರಿಸುತ್ತಲೇ ಇರುತ್ತದೆ. ನನ್ನ ಮನೆಯ ಗೇಟಿನ ಬಳಿ ಎರಡು ವರ್ಷ ಹೂ ಕಾಣದ ಗಿಡಗಳನ್ನು ಹತ್ತು ಅಡಿ ಒಳಗೆ, ಗೋಡೆಯ ಮರೆಗೆ ಸರಿಸಿದ ಮೇಲೆ ಅವು ಅದೇ ನವೆಂಬರಿನಲ್ಲಿ ಅರಳಿದವು.

ಹುಲ್ಲನ್ನು ಹಣ ಕೊಟ್ಟು ತಂದು ನೆಡುವುದೆಂದರೆ ಹಳ್ಳಿಯಿಂದ ಬಂದ ಹಿರಿಯರು ನಗುತ್ತಾರೆ. ಆದರೆ ಹೂವಿಲ್ಲದ ವಾರಗಳಲ್ಲಿ ಪಾತಿಗೆ ಆಕಾರ ಉಳಿಸುವುದು ಹುಲ್ಲೇ. ಫೌಂಟನ್ ಗ್ರಾಸ್ ಎಂದು ಮಾರುವ ಹುಲ್ಲಿನಲ್ಲಿ ನೇರಳೆ ಎಲೆಯ ಬಗೆಯನ್ನೇ ಆರಿಸಬೇಕು. ಅದರಲ್ಲಿ ಬೀಜ ಕಟ್ಟುವುದು ಬಹಳ ಅಪರೂಪ. ಹಸಿರು ಎಲೆಯ ಬಗೆ ಬೀಜ ಚೆಲ್ಲಿ ನೆರೆಯ ಖಾಲಿ ನಿವೇಶನಗಳಿಗೂ ಹಬ್ಬಬಲ್ಲದು. ಅಡುಗೆಮನೆಗೂ ಒದಗುವ ಮಜ್ಜಿಗೆ ಹುಲ್ಲು ಮೂರು ಅಡಿಯ ಚೆಂದದ ಬುಡ ಕಟ್ಟುತ್ತದೆ. ಇಳಿಜಾರಿನ ಅಂಗಳವಿದ್ದರೆ ಲಾವಂಚದಷ್ಟು ಮಣ್ಣು ಹಿಡಿಯುವುದು ಇನ್ನೊಂದಿಲ್ಲ; ಆದರೆ ಅದು ಆಳೆತ್ತರ ಬೆಳೆಯುವುದರಿಂದ ಕಿರಿದಾದ ಪಾತಿಗೆ ಸಲ್ಲದು. ನೆರಳಿನ ಅಂಚಿಗೆ ಹಾಕುವ ಮಾಂಡೊ ಗ್ರಾಸ್ ಹೆಸರಿಗಷ್ಟೇ ಹುಲ್ಲು, ಕೆಲಸ ಮಾತ್ರ ಚೆನ್ನಾಗಿ ಮಾಡುತ್ತದೆ. ಪಂಪಾಸ್ ಹುಲ್ಲಿನ ಎಲೆಯಂಚು ಗರಗಸದಂತಿದ್ದು ಕೈ ಕೊಯ್ಯುತ್ತದೆ. ಓಡಾಡುವ ದಾರಿಯ ಪಕ್ಕ ಖಂಡಿತ ಬೇಡ.

ಗಟ್ಟಿತನ ಅತಿಯಾದ ಗಿಡಗಳೂ ಇವೆ. ನೀಲಿ ಹೂವಿನ ಮೆಕ್ಸಿಕನ್ ಪೆಟೂನಿಯ ಕಾಯಿ ಸಿಡಿಸಿ ಬೀಜ ಎರಚಿ, ಬೇರಿನಿಂದಲೂ ಹರಡಿ, ಎರಡು ಮಳೆಗಾಲಗಳಲ್ಲಿ ಪಾತಿಯನ್ನು ತನ್ನದಾಗಿಸಿಕೊಳ್ಳುತ್ತದೆ. ಲಂಟಾನ ನಮ್ಮ ಕಾಡುಗಳಿಗೆ ಮಾಡಿದ್ದನ್ನು ಬಂಡೀಪುರದ ರಸ್ತೆಯಲ್ಲಿ ಹೋದವರೆಲ್ಲ ಕಂಡಿದ್ದಾರೆ. ಕುಂಡದಲ್ಲಿ ಎಷ್ಟೇ ಮುದ್ದಾಗಿ ಕಂಡರೂ ಅದನ್ನು ಕೊಳ್ಳಬೇಡಿ.

ಜೋಡಣೆಗೆ ಹದಿನೈದು ಅಡಿ ಉದ್ದ, ನಾಲ್ಕು ಅಡಿ ಅಗಲದ ಬಿಸಿಲಿನ ಪಾತಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಹಿಂದಿನ ಸಾಲಿಗೆ ಮೂರು ಸ್ಫಟಿಕ, ಮೂರು ನೇರಳೆ ಹುಲ್ಲು. ನಡುವೆ ಐದು ಡೇ ಲಿಲಿ, ಐದು ಸೇವಂತಿಗೆ, ಹದಿನೈದು ಸುಗಂಧರಾಜ. ಹುಲ್ಲಿನ ಮುಂದೆ ಏಳು ಅಮರಿಲ್ಲಿಸ್. ಅಂಚಿಗೆ ಅರವತ್ತು ಮಳೆಲಿಲ್ಲಿ. ಪಾತಿಯ ಅಗಲವನ್ನು ಮೀರಿ ಎತ್ತರ ಬೆಳೆಯುವ ಗಿಡ ಯಾವುದೂ ಬೇಡ. ಒಂದೊಂದು ಜಾತಿಯನ್ನೂ ಒಂದೇ ಗುಂಪಾಗಿ, ಗುಂಪಿನ ತುದಿ ಪಕ್ಕದ ಗುಂಪಿನೊಳಗೆ ಸ್ವಲ್ಪ ಹೊಕ್ಕಂತೆ ಓರೆಯಾಗಿ ನೆಡಬೇಕು. ಒಣಗುವ ಗಡ್ಡೆಗಿಡಗಳ ಎಲೆಯನ್ನು ಪಕ್ಕದ ಹುಲ್ಲು ಮರೆಮಾಡುವಂತೆ ಇಡುವುದು ಇದರ ಜಾಣತನ. ಗೋಡೆಗೂ ಪಾತಿಗೂ ನಡುವೆ ಒಂದು ಅಡಿ ಜಾಗ ಬಿಟ್ಟರೆ ಕತ್ತರಿಸಲು, ಕಳೆ ಕೀಳಲು ಒಳಗೆ ಹೋಗಬಹುದು.

ಗಡ್ಡೆಗಳನ್ನು ಏಪ್ರಿಲ್ ಕೊನೆಯಲ್ಲಿ, ಉಳಿದ ಗಿಡಗಳನ್ನು ಮುಂಗಾರು ನೆಲೆಯೂರಿದ ಜೂನ್ ತಿಂಗಳಲ್ಲಿ ನೆಡುವುದು ಸರಿಯಾದ ಕ್ರಮ. ಕೊಳ್ಳುವಾಗ ಗಡ್ಡೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ಮೆತ್ತಗಾಗಿದ್ದರೆ, ಗಾತ್ರಕ್ಕೆ ತಕ್ಕ ತೂಕವಿಲ್ಲದಿದ್ದರೆ, ಬಿಟ್ಟುಬಿಡಬೇಕು. ಬರೀ ತೆಂಗಿನ ನಾರಿನ ಪುಡಿಯಲ್ಲಿ ಬೆಳೆಸಿದ ಸಸಿಗಳ ಬೇರುಂಡೆ ಕೆಂಪು ಮಣ್ಣಿನಲ್ಲಿ ಬೇಗ ಒಣಗುವುದರಿಂದ, ಹೊರಸುತ್ತಿನ ಬೇರನ್ನು ಬೆರಳಿನಿಂದ ಸಡಿಲಿಸಿ ನೆಟ್ಟು, ಮೊದಲ ಮೂರು ವಾರ ಮಳೆಯಿಲ್ಲದ ದಿನ ನೀರು ಕೊಡಬೇಕು. ಆಮೇಲೆ ಎರಡು ಅಂಗುಲ ದಪ್ಪ ಒಣ ಎಲೆಯ ಹೊದಿಕೆ ಹಾಸಿ, ನೀರನ್ನು ಕ್ರಮೇಣ ವಾರಕ್ಕೊಂದು ಸಲಕ್ಕೆ ಇಳಿಸಬೇಕು. ಮೇಲುಮೇಲೆ ದಿನವೂ ಚಿಮುಕಿಸುವ ನೀರು ಬೇರನ್ನು ಮೇಲಿನ ಪದರದಲ್ಲಿಯೇ ಉಳಿಸಿ, ಮೊದಲ ಬೇಸಿಗೆಯಲ್ಲಿಯೇ ಗಿಡವನ್ನು ಕೊಲ್ಲುತ್ತದೆ.

ಹುಲ್ಲುಗಳನ್ನು ಮೇ ತಿಂಗಳ ಮಳೆ ಬಿದ್ದ ಮೇಲೆ ನೆಲದಿಂದ ಅರ್ಧ ಅಡಿಗೆ ಕತ್ತರಿಸಬೇಕು. ಬೇಸಿಗೆಯ ನಡುವೆ ಕತ್ತರಿಸಿದರೆ ಹೊಸ ಚಿಗುರಿಗೆ ನೀರು ಸಾಲದೆ ಬುಡ ಸಾಯುತ್ತದೆ. ಎರಡು ಮೂರು ವರ್ಷಗಳಲ್ಲಿ ಬುಡದ ನಡುಭಾಗ ಒಣಗಿ ಬೋಳಾದಾಗ, ಗುದ್ದಲಿಯಿಂದ ಇಡಿಯಾಗಿ ಎತ್ತಿ, ಹೊರಸುತ್ತಿನ ಹಸಿ ಭಾಗಗಳನ್ನು ಸೀಳಿ, ಮೃಗಶಿರದಿಂದ ಆರಿದ್ರ ಮಳೆಯೊಳಗೆ ಮರಳಿ ನೆಡಬೇಕು. ಡೇ ಲಿಲಿಗೂ ಇದೇ ಹೊತ್ತು, ಇದೇ ಕ್ರಮ. ನಡುವಿನ ಒಣಬುಡ ಕಾಂಪೋಸ್ಟ್ ಗುಂಡಿಗೆ ಹೋಗಲಿ. ಹೆಚ್ಚಾದ ಸೀಳುಗಳು ಒದ್ದೆ ಗೋಣಿಯಲ್ಲಿ ಎರಡು ಮೂರು ದಿನ ತಾಳುವುದರಿಂದ, ನೆರೆಮನೆಯವರು ಬಂದು ಒಯ್ಯುವವರೆಗೂ ಕೆಡುವುದಿಲ್ಲ.