ಸ್ಕಾಲರ್‌ಶಿಪ್ ಮಂಜೂರಾದರೂ ದುಡ್ಡು ಬರದಿರುವುದೇಕೆ? ಕುಮಟಾ ಕಡೆಯ ಪಿಯು ಮಕ್ಕಳ ಅರ್ಜಿ ತುಂಬಿಸಿದ ನನ್ನ ಅನುಭವ

ಪಿಯುಸಿ ಫಲಿತಾಂಶ ಬಂದ ವಾರ ಊರೂರಲ್ಲಿ ಸನ್ಮಾನ. ಶಾಲು, ಹಾರ, ಫಲಕ, ಜೊತೆಗೊಂದು ಲಕೋಟೆ. ಲಕೋಟೆಯ ದುಡ್ಡು ಪುಸ್ತಕಕ್ಕೆ, ಸಮವಸ್ತ್ರಕ್ಕೆ ಸರಿಹೋಗುತ್ತದೆ. ಮೂರು ನಾಲ್ಕು ವರ್ಷ ಕಾಲೇಜು ಮುಗಿಸುವ ದುಡ್ಡು ಬರಬೇಕಾದ್ದು ಸರಕಾರಿ ವಿದ್ಯಾರ್ಥಿವೇತನ ಪೋರ್ಟಲ್‌ಗಳಿಂದ, ಟ್ರಸ್ಟ್‌ಗಳಿಂದ. ಅಲ್ಲಿ ಅಂಕ ಮಾಡುವುದು ಅರ್ಧ ಕೆಲಸ. ಉಳಿದ ಅರ್ಧ ಹೆಸರಿನ ಕಾಗುಣಿತ, ಬ್ಯಾಂಕ್ ಖಾತೆ ಮತ್ತು ಅಪ್ಪನ ಮೊಬೈಲಿನ ಮೇಲೆ ನಿಂತಿದೆ. ಅರ್ಜಿ ತಿರಸ್ಕಾರವಾದ ಮಕ್ಕಳಲ್ಲಿ ಅಂಕ ಸಾಲದೆ ಬಿದ್ದವರಿಗಿಂತ ಕಾಗದ ತಾಳೆಯಾಗದೆ ಬಿದ್ದವರನ್ನೇ ನಾನು ಹೆಚ್ಚು ನೋಡಿದ್ದು.

ಹಾಗಾಗಿ ಕೆಲಸ ಶುರುವಾಗುವುದು ಫಲಿತಾಂಶದ ನಂತರವಲ್ಲ, ದ್ವಿತೀಯ ಪಿಯುಸಿಯ ಜನವರಿಯಲ್ಲಿ. ಪ್ರತಿಯೊಬ್ಬರಿಂದ ನಾಲ್ಕು ಝೆರಾಕ್ಸ್ ತರಿಸುತ್ತೇನೆ: ಎಸ್ಎಸ್ಎಲ್‌ಸಿ ಅಂಕಪಟ್ಟಿ, ಆಧಾರ್, ಜಾತಿ–ಆದಾಯ ಪ್ರಮಾಣಪತ್ರ, ಪಾಸ್‌ಬುಕ್ಕಿನ ಮೊದಲ ಪುಟ. ನಾಲ್ಕನ್ನೂ ಬೆಂಚಿನ ಮೇಲೆ ಸಾಲಾಗಿ ಹರಡಿ, ಕೆಂಪು ಪೆನ್ನು ಹಿಡಿದು ಹೆಸರನ್ನು ಅಕ್ಷರ ಅಕ್ಷರ ತಾಳೆ ನೋಡುವುದು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಈ ಕೆಲಸ ಬೇರೆ ಕಡೆಗಿಂತ ತುಸು ಹೆಚ್ಚೇ ಇದೆ. ನಾಯ್ಕ ಬೇರೆ, ನಾಯಕ ಬೇರೆ; ಊರವರಿಗೆ ಇದು ಹೇಳಬೇಕಾದ ಮಾತೇ ಅಲ್ಲ. ಆದರೆ ಇಂಗ್ಲಿಷಿನಲ್ಲಿ ಟೈಪು ಮಾಡುವವನು ‘ಐ’ ಇರಬೇಕಾದಲ್ಲಿ ‘ವೈಎ’ ಒತ್ತಿದರೆ ನಾಯ್ಕರ ಹುಡುಗಿ ಆಧಾರ್‌ನಲ್ಲಿ ನಾಯಕ ಆಗಿರುತ್ತಾಳೆ. ಗೌಡ ಎಂಬುದು ಒಂದು ಕಾಗದದಲ್ಲಿ ‘ಯು’, ಇನ್ನೊಂದರಲ್ಲಿ ‘ಡಬ್ಲ್ಯು’. ಒಂದರಲ್ಲಿ ಭಟ್, ಇನ್ನೊಂದರಲ್ಲಿ ಭಟ್ಟ. ಒಂದು ಕಾಗದದಲ್ಲಿ ಹೆಸರಿನ ಜೊತೆ ಅಪ್ಪನ ಹೆಸರು ಪೂರ್ತಿ, ಇನ್ನೊಂದರಲ್ಲಿ ಬರೀ ಇನಿಶಿಯಲ್. ಮನುಷ್ಯನ ಕಣ್ಣಿಗೆ ಎಲ್ಲವೂ ಒಂದೇ ಹುಡುಗಿ. ಕಂಪ್ಯೂಟರಿಗೆ ನಾಲ್ವರು.

ತಿದ್ದುವಾಗ ಯಾವುದನ್ನು ಯಾವುದಕ್ಕೆ ಹೊಂದಿಸಬೇಕು ಎಂಬುದರಲ್ಲಿ ಅನುಮಾನವೇ ಬೇಡ. ಎಸ್ಎಸ್ಎಲ್‌ಸಿ ಅಂಕಪಟ್ಟಿಯೇ ಮೂಲ. ಅದನ್ನು ತಿದ್ದಿಸಲು ಶಾಲೆಯ ಮೂಲಕ ಬೆಂಗಳೂರಿನ ಮಂಡಳಿಗೆ ಹೋಗಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ. ಆಧಾರ್ ಬೇಗ ಆಗುತ್ತದೆ, ಆದರೆ ಅದರಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಜನ್ಮದಿನಾಂಕಕ್ಕೆ ಒಂದೇ. ಸೇವಾ ಕೇಂದ್ರದವನು ಅವಸರದಲ್ಲಿ ಮತ್ತೊಂದು ತಪ್ಪು ಮಾಡಿಬಿಟ್ಟರೆ ಅವಕಾಶವೊಂದು ಹೋದಂತೆಯೇ. ಸ್ವೀಕೃತಿ ಚೀಟಿಯಲ್ಲಿ ಮುದ್ರಿತವಾದ ಹೆಸರನ್ನು ಅಲ್ಲೇ ನಿಂತು ಓದಿ ಹೊರಗೆ ಬನ್ನಿ ಎಂದು ಮಕ್ಕಳಿಗೆ ಹೇಳಿ ಕಳಿಸುತ್ತೇನೆ.

ಆಧಾರ್ ಕೇಂದ್ರಕ್ಕೆ ಹೋದಾಗಲೇ ಇನ್ನೊಂದು ಕೆಲಸ ಮುಗಿಸಿಕೊಳ್ಳಬೇಕು. 15 ತುಂಬಿದ ಮೇಲೆ ಬೆರಳಚ್ಚು, ಕಣ್ಣು, ಫೋಟೋ ಹೊಸದಾಗಿ ಕೊಡುವುದು ಕಡ್ಡಾಯ. ಎಷ್ಟೋ ಮಕ್ಕಳ ಆಧಾರ್‌ನಲ್ಲಿ ಇನ್ನೂ ಎರಡನೇ ತರಗತಿಯ ಮುಖವೇ ಇದೆ. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಲು 14 ಅಂಕಿಗಳ ಒಟಿಆರ್ (ಒಂದೇ ಸಲದ ನೋಂದಣಿ) ಸಂಖ್ಯೆ ಬೇಕು. ಅದು ಸಿಗುವುದು ಮೊಬೈಲಿನಲ್ಲಿ ಮುಖ ತೋರಿಸಿ ಆಧಾರ್ ಜೊತೆ ತಾಳೆಯಾದ ಮೇಲೆ. ಎರಡನೇ ತರಗತಿಯ ಮುಖಕ್ಕೆ ಹದಿನೆಂಟರ ಮುಖ ಹೇಗೆ ತಾಳೆಯಾದೀತು? ‘ಆ್ಯಪ್ ಸರಿ ಇಲ್ಲ ಸರ್’ ಎಂಬ ದೂರಿನ ಬೇರು ಬಹಳಷ್ಟು ಸಲ ಇಲ್ಲೇ. ಮುಖ ತೋರಿಸುವಾಗ ಕಿಟಕಿಗೆ ಎದುರಾಗಿ ನಿಲ್ಲಿಸಿ, ಬೆನ್ನು ಹಾಕಿ ಅಲ್ಲ. ಮಳೆಗಾಲದ ಕೋಣೆಯ ಕತ್ತಲಲ್ಲಿ ಹತ್ತು ಸಲ ಕಣ್ಣು ಮಿಟುಕಿಸಿದರೂ ಆಗುವುದಿಲ್ಲ.

ಆದಾಯ ಪ್ರಮಾಣಪತ್ರದಲ್ಲಿ ಹೆಸರಿನಷ್ಟೇ ಮುಖ್ಯ ದಿನಾಂಕ. ಅದರ ಆಯುಷ್ಯ 5 ವರ್ಷ. ಎಂಟನೇ ತರಗತಿಗೆ ಸೇರುವಾಗ ಮಾಡಿಸಿದ್ದು ಸರಿಯಾಗಿ ಪದವಿಯ ಮೊದಲ ವರ್ಷದ ಬಾಗಿಲಲ್ಲಿ ಸಾಯುತ್ತದೆ. ‘ಮೊನ್ನೆ ಮೊನ್ನೆ ಮಾಡಿಸಿದ್ದು’ ಎಂಬ ಮಾತನ್ನು ನಂಬದೆ ಮುದ್ರೆಯ ಕೆಳಗಿನ ದಿನಾಂಕ ಓದಬೇಕು. ಆರ್‌ಡಿ ಎಂದು ಶುರುವಾಗುವ ಸಂಖ್ಯೆಯನ್ನು ಟೈಪಿಸುವಾಗ ಸೊನ್ನೆಗಳು ತಪ್ಪುತ್ತವೆ. ಒಬ್ಬರು ಓದಿ ಒಬ್ಬರು ಒತ್ತಿದರೆ ಒಳ್ಳೆಯದು. ಸಿದ್ದಿ ಸಮುದಾಯಕ್ಕೆ 2003ರಲ್ಲಿ ನಮ್ಮ ಜಿಲ್ಲೆಯಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಬಂತು. ಯಲ್ಲಾಪುರ, ಹಳಿಯಾಳ ಕಡೆಯ ಆ ಮಕ್ಕಳ ಮನೆಯಲ್ಲಿ ಅದಕ್ಕೂ ಹಿಂದಿನ ಕಾಗದವೇನಾದರೂ ಇದ್ದರೆ ಬದಿಗಿಟ್ಟು ಹೊಸ ಪ್ರಮಾಣಪತ್ರದ ಸಂಖ್ಯೆಯನ್ನೇ ಹಾಕಿಸಿ.

ಇನ್ನು ಬ್ಯಾಂಕು. ಮಂಜೂರಾದ ದುಡ್ಡು ಅತಿ ಹೆಚ್ಚು ಕಳೆದುಹೋಗುವ ಜಾಗ ಇದು.

ಸರಕಾರಿ ಹಣ ಪಾಸ್‌ಬುಕ್ಕಿನ ನಂಬರು ನೋಡಿ ಬರುವುದಿಲ್ಲ, ಆಧಾರ್ ನಂಬರು ನೋಡಿ ಬರುತ್ತದೆ. ಯಾವ ಆಧಾರ್ ಯಾವ ಬ್ಯಾಂಕಿಗೆ ಸೇರಿದ್ದು ಎಂಬ ಪಟ್ಟಿ ಇರುವುದು ಎನ್‌ಪಿಸಿಐ, ಅಂದರೆ ರಾಷ್ಟ್ರೀಯ ಪಾವತಿ ನಿಗಮದ ಬಳಿ. (ಕಾರವಾರದಲ್ಲಿ ಈ ಹೆಸರು ಹೇಳಿದರೆ ಜನ ಕೈಗಾ ಅಂದುಕೊಳ್ಳುತ್ತಾರೆ. ಅದು ಎನ್‌ಪಿಸಿಐಎಲ್, ಅಣುವಿದ್ಯುತ್ತಿನದು; ಇದು ಬ್ಯಾಂಕುಗಳ ಲೆಕ್ಕದ್ದು.) ಆ ಪಟ್ಟಿಯಲ್ಲಿ ಒಬ್ಬರಿಗೆ ಒಂದೇ ಬ್ಯಾಂಕು, ಕೊನೆಯದಾಗಿ ಯಾವುದನ್ನು ಸೇರಿಸಿದ್ದಾರೋ ಅದು. ಬ್ಯಾಂಕಿನವರು ‘ಆಧಾರ್ ಲಿಂಕ್ ಆಗಿದೆ’ ಎನ್ನುವುದು ಬರೀ ಅವರ ಕಡತದಲ್ಲಿ ಆಗಿರುವುದು. ಪಟ್ಟಿಗೆ ಸೇರಿಸುವುದು ಬೇರೆ ಅರ್ಜಿ. ‘ಡಿಬಿಟಿಗೆ ಎನ್‌ಪಿಸಿಐ ಮ್ಯಾಪಿಂಗ್ ಮಾಡಿಕೊಡಿ’ ಎಂದು ಈ ಶಬ್ದಗಳಲ್ಲೇ ಬರೆದು ಕೊಡಿ; ಡಿಬಿಟಿ ಎಂದರೆ ಸರಕಾರಿ ಹಣ ನೇರ ಖಾತೆಗೆ ಬರುವ ವ್ಯವಸ್ಥೆ. ಸುಮ್ಮನೆ ‘ಆಧಾರ್ ಲಿಂಕ್’ ಎಂದು ಬರೆದರೆ ಹಳೆಯ ಕೆಲಸವನ್ನೇ ಮತ್ತೆ ಮಾಡಿ ಕಳಿಸುತ್ತಾರೆ.

ಸಿಮ್ ಕೊಳ್ಳುವಾಗಲೋ, ಅಂಚೆಯಣ್ಣ ಮನೆಗೆ ಬಂದಾಗಲೋ ಬೆರಳೊತ್ತಿ ತೆರೆದ ಪೇಮೆಂಟ್ ಬ್ಯಾಂಕ್ ಖಾತೆ ಮನೆಯಲ್ಲಿ ಯಾರಿಗೂ ನೆನಪಿರುವುದಿಲ್ಲ. ಪಟ್ಟಿ ಮಾತ್ರ ಅಲ್ಲಿಗೆ ಜಿಗಿದಿರುತ್ತದೆ. ವಿದ್ಯಾರ್ಥಿವೇತನ ಬಂದು ಅಲ್ಲಿ ಕೂತಿರುತ್ತದೆ, ಇಲ್ಲಿ ಪಾಸ್‌ಬುಕ್ ಬರಿದು. ಮೈಆಧಾರ್ ತಾಣದಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ಒತ್ತಿದರೆ ಬ್ಯಾಂಕಿನ ಹೆಸರು ತೋರಿಸುತ್ತದೆ. ಎರಡು ನಿಮಿಷದ ಕೆಲಸ. ಅರ್ಜಿ ತುಂಬುವ ಮೊದಲೊಮ್ಮೆ, ಮಂಜೂರಾತಿ ಸಂದೇಶ ಬಂದ ದಿನ ಮತ್ತೊಮ್ಮೆ ಮಾಡಿಸುತ್ತೇನೆ.

ಟ್ರಸ್ಟ್‌ಗಳ ದುಡ್ಡಿನ ಕಥೆ ಉಲ್ಟಾ. ಅವರು ಬಹುತೇಕ ಖಾತೆ ಸಂಖ್ಯೆ ಮತ್ತು ಶಾಖೆಯ ಐಎಫ್‌ಎಸ್‌ಸಿ ಕೋಡ್ ನೋಡಿಯೇ ಕಳಿಸುವುದು. ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾಕ್ಕೆ ಸೇರಿತು, ಅದೇ ವರ್ಷ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ನಿಗೆ. ನಮ್ಮ ಹಳ್ಳಿಗಳ ತುಂಬ ಇದ್ದ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. ಮನೆಯ ಕಪಾಟಿನಲ್ಲಿರುವ ಪಾಸ್‌ಬುಕ್ಕು ಹಳೆಯ ಹೆಸರಿನದ್ದೇ. ಅದರ ಮೇಲಿನ ಕೋಡ್ ಬರೆಯಬೇಡಿ, ಶಾಖೆಗೆ ಹೋಗಿ ಹೊಸದಾಗಿ ಮುದ್ರಿಸಿಕೊಂಡು ಬನ್ನಿ. ಶಿರಸಿ–ಸಿದ್ದಾಪುರದ ಕಡೆ ಇನ್ನೊಂದು ತೊಡಕಿದೆ: ಅಡಿಕೆಯ ಮನೆಗಳ ವ್ಯವಹಾರವೆಲ್ಲ ಸೊಸೈಟಿಯಲ್ಲಿ. ಸೊಸೈಟಿ ಬ್ಯಾಂಕಲ್ಲ, ಅದರ ಪಾಸ್‌ಬುಕ್ ಇಲ್ಲಿ ನಡೆಯುವುದಿಲ್ಲ. ಮೈನರ್ ಆಗಿದ್ದಾಗ ತೆರೆದ ಖಾತೆಯಿದ್ದರೆ 18 ತುಂಬಿದ ವಾರದಲ್ಲೇ ಹೊಸ ಸಹಿ, ಹೊಸ ಕೆವೈಸಿ ಕೊಡಿ. ಇಲ್ಲವಾದರೆ ಖಾತೆಗೆ ಬೀಗ ಬೀಳುತ್ತದೆ.

ಅಪ್ಪನ ಮೊಬೈಲಿನ ವಿಚಾರ ಕರಾವಳಿಗೇ ವಿಶೇಷ. ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಯ ಅರ್ಜಿಗೆ ತಂದೆ–ತಾಯಿಯ ಆಧಾರ್ ಬೇಕು, ಒಟಿಪಿ ಬರುವುದು ಅವರ ಮೊಬೈಲಿಗೆ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ಬೈತಖೋಲ, ತದಡಿ, ಕಾಸರಕೋಡಿನ ಬೋಟುಗಳೆಲ್ಲ ದಡದಲ್ಲಿ, ಅಪ್ಪಂದಿರು ಮನೆಯಲ್ಲಿ. ಆಗಸ್ಟ್ ಬಂತೆಂದರೆ ಆಳಸಮುದ್ರದ ಬೋಟು ಹತ್ತಿದವನು ವಾರ, ಹತ್ತು ದಿನ ಸಿಗುವುದಿಲ್ಲ. ಮೊಬೈಲೂ ಅವನ ಜೊತೆ ನೆಟ್‌ವರ್ಕ್ ಇಲ್ಲದ ನೀರಿನ ಮೇಲೆ. ಅದಕ್ಕೇ ಮೀನುಗಾರರ ಮಕ್ಕಳ ಒಟಿಪಿ ಕೆಲಸ ಜುಲೈ ಕೊನೆಯೊಳಗೆ ಮುಗಿಯಬೇಕೆಂದು ಹಠ ಹಿಡಿಯುತ್ತೇನೆ. ಪೋರ್ಟಲ್ ತೆರೆಯುವುದು ತಡವಾದರೆ ಬೇರೆ ಉಪಾಯ: ಆ ಎರಡು ತಿಂಗಳಲ್ಲೇ ಅಪ್ಪನ ಆಧಾರಿಗೆ ಮನೆಯಲ್ಲಿರುವ ಮೊಬೈಲಿನ ನಂಬರು ಸೇರಿಸಿಡುವುದು. ಘಟ್ಟದ ಮೇಲೆ ಜೋಯಿಡಾ, ಸಿದ್ದಾಪುರದ ಹಳ್ಳಿಗಳಲ್ಲಿ ಸಮುದ್ರವಿಲ್ಲ, ಸಿಗ್ನಲ್ಲೂ ಇಲ್ಲ. ಮೊಬೈಲು, ಅಪ್ಪ, ಅಮ್ಮ ಮೂವರನ್ನೂ ಪೇಟೆಗೆ ಒಟ್ಟಿಗೆ ಕರೆತಂದು ಒಂದೇ ದಿನ ಮುಗಿಸಿ.

ಯಾವುದಕ್ಕೆ ಯಾರು ಹಾಕಬೇಕು ಎನ್ನುವಾಗ ಮೊದಲು ಕೇಳುವ ಪ್ರಶ್ನೆ ‘ಎಷ್ಟು ಪರ್ಸೆಂಟು’ ಎಂಬುದಲ್ಲ, ‘ಮುಂದೆ ಏನು ಓದ್ತೀಯ’ ಎಂಬುದು. ಕೋರ್ಸಿಗೆ ತಕ್ಕ ಹಾಗೆ ದುಡ್ಡಿನ ದಾರಿ ಬದಲಾಗುತ್ತದೆ.

ಬಿಎ, ಬಿಕಾಂ, ಬಿಎಸ್‌ಸಿಗೆ ಕಾರವಾರದ ಸರಕಾರಿ ಕಾಲೇಜು, ಕುಮಟಾದ ಬಾಳಿಗಾ, ಹೊನ್ನಾವರದ ಎಸ್‌ಡಿಎಂ ಹೀಗೆ ಹತ್ತಿರದಲ್ಲೇ ಸೇರುವವರಿಗೆ ಕೇಂದ್ರದ ಸೆಂಟ್ರಲ್ ಸೆಕ್ಟರ್ ಯೋಜನೆ ಚೆನ್ನ. ಪದವಿಯ ಮೂರು ವರ್ಷ ವರ್ಷಕ್ಕೆ 12,000, ಅಂದರೆ 36,000; ಸ್ನಾತಕೋತ್ತರಕ್ಕೆ ವರ್ಷಕ್ಕೆ 20,000. ಮನೆಯ ಆದಾಯ 4.5 ಲಕ್ಷದೊಳಗಿರಬೇಕು. ಇಲ್ಲಿ ‘80’ ಎಂಬ ಅಂಕಿ ನೋಡಿ ಮಕ್ಕಳು ಮೋಸ ಹೋಗುತ್ತಾರೆ. ಅದು ಶೇಕಡಾ 80 ಅಂಕವಲ್ಲ, ಮಂಡಳಿಯ ಪರೀಕ್ಷೆ ಪಾಸಾದವರ ಸಾಲಿನಲ್ಲಿ ಮೇಲಿನ ಶೇಕಡಾ 20ರೊಳಗೆ ಇರಬೇಕೆಂಬ ಲೆಕ್ಕ. 80 ಪರ್ಸೆಂಟು ಬಂದಿದೆ ಎಂದು ನಿಶ್ಚಿಂತೆಯಿಂದಿರುವಂತಿಲ್ಲ, 78 ಬಂತೆಂದು ಬಿಡುವಂತೆಯೂ ಇಲ್ಲ. ಆ ವರ್ಷದ ಗಡಿ ನೋಡಿಯೇ ತೀರ್ಮಾನಿಸಬೇಕು.

ಹತ್ತನೇ ತರಗತಿ, ಪಿಯುಸಿ ಎರಡನ್ನೂ ಸರಕಾರಿ ಸಂಸ್ಥೆಯಲ್ಲಿ ಓದಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನವಿದೆ, ಕೋರ್ಸು ಮುಗಿಯುವವರೆಗೆ ವರ್ಷಕ್ಕೆ 30,000. ಮೂರು ವರ್ಷಕ್ಕೆ 90,000 ಎಂದರೆ ನಮ್ಮ ಕಡೆ ಪೇಯಿಂಗ್ ಗೆಸ್ಟ್ ರೂಮಿನ ಬಾಡಿಗೆ, ಊಟಕ್ಕೆ ದೊಡ್ಡ ಆಸರೆ. ತೊಡಕಿರುವುದು ‘ಸರಕಾರಿ’ ಎಂಬ ಶಬ್ದದಲ್ಲಿ. ದಿನಕರ ದೇಸಾಯಿಯವರ ಕೆನರಾ ವೆಲ್ಫೇರ್ ಟ್ರಸ್ಟಿನ ಹೈಸ್ಕೂಲುಗಳಂಥವು ಊರವರ ಬಾಯಲ್ಲಿ ಸರಕಾರಿ ಶಾಲೆಯಷ್ಟೇ ಸ್ವಂತ. ಕಾಗದದಲ್ಲಿ ಅವು ಖಾಸಗಿ ಅನುದಾನಿತ. ವರ್ಗಾವಣೆ ಪತ್ರದ ತಲೆಯಲ್ಲಿ ಏನು ಮುದ್ರಿಸಿದೆಯೋ ಅದನ್ನೇ ಬರೆಯಬೇಕು.

ಇಂಜಿನಿಯರಿಂಗ್ ಅಥವಾ ಡಿಪ್ಲೊಮಾ ಸೇರುವ ಹುಡುಗಿಗೆ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ಪ್ರಗತಿ ವಿದ್ಯಾರ್ಥಿವೇತನ: ವರ್ಷಕ್ಕೆ 50,000, ಆದಾಯ ಮಿತಿ 8 ಲಕ್ಷ, ಒಂದು ಮನೆಯಿಂದ ಇಬ್ಬರವರೆಗೆ. ನಾಲ್ಕು ವರ್ಷಕ್ಕೆ 2 ಲಕ್ಷ. ಇಷ್ಟು ದೊಡ್ಡ ಮೊತ್ತವಿದ್ದೂ ಹುಡುಗಿಯರು ಇದನ್ನು ಕೇಳಿಯೇ ಇರುವುದಿಲ್ಲ ಎಂಬುದು ನನಗೆ ಪ್ರತಿ ವರ್ಷದ ಬೇಸರ. ಶುದ್ಧ ವಿಜ್ಞಾನ ಓದುವ, ಮಂಡಳಿಯ ಮೇಲಿನ ಶೇಕಡಾ 1ರೊಳಗಿರುವವರಿಗೆ ಇನ್‌ಸ್ಪೈರ್: ವರ್ಷಕ್ಕೆ 80,000, ಅದರಲ್ಲಿ 60,000 ಕೈಗೆ, 20,000 ಬೇಸಿಗೆಯ ಸಂಶೋಧನಾ ಯೋಜನೆಗೆ. ಬಿಇ ಸೇರಿದರೆ ಸಿಗದು. ಪರಿಶಿಷ್ಟ ಜಾತಿ, ಪಂಗಡದವರು ಮೊದಲ ಪ್ರಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ಪಿಯುಸಿ ಮುಗಿಸಿದ್ದರೆ 20,000 ಪ್ರೋತ್ಸಾಹಧನಕ್ಕೆ ಬೇರೆಯೇ ಅರ್ಜಿ ಹಾಕಬೇಕು.

ರೈತರ ಮಕ್ಕಳಿಗಾಗಿರುವ ರೈತ ವಿದ್ಯಾನಿಧಿ 2021ರಲ್ಲಿ ಶುರುವಾದಾಗ ಪದವಿಯ ಹುಡುಗರಿಗೆ 5,000, ಹುಡುಗಿಯರಿಗೆ 5,500 ಎಂದಾಯಿತು. ಅದರ ಕೀಲಿ ಎಫ್‌ಐಡಿ, ಅಂದರೆ ರೈತರ ನೋಂದಣಿ ಸಂಖ್ಯೆ. ತೋಟ ಅಜ್ಜನ ಹೆಸರಲ್ಲೇ ಇರುವ ಕೂಡುಮನೆಗಳಲ್ಲಿ ಅಪ್ಪನಿಗೆ ಎಫ್‌ಐಡಿ ಇರುವುದಿಲ್ಲ. ಅರಣ್ಯ ಅತಿಕ್ರಮಣದಲ್ಲಿ ಸಾಗುವಳಿ ಮಾಡುವವರಿಗೆ ಪಹಣಿಯೇ ಇಲ್ಲ. ಇವರು ರೈತರಲ್ಲ ಎಂದು ಯಾರೂ ಹೇಳುವುದಿಲ್ಲ, ಪೋರ್ಟಲ್ ಮಾತ್ರ ಹಾಗೇ ಹೇಳುತ್ತದೆ. ಅಂಥ ಮನೆಯ ಲೆಕ್ಕದಲ್ಲಿ ಈ ದುಡ್ಡು ಸೇರಿಸಿಕೊಳ್ಳಬೇಡಿ.

ಸಿಇಟಿಗೆ ಗ್ರಾಮೀಣ ಮೀಸಲಾತಿ ಬೇಕಾದವರು ಒಂದರಿಂದ ಹತ್ತನೇ ತರಗತಿಯವರೆಗೆ ಪೂರ್ತಿ ಹತ್ತು ವರ್ಷ ಹಳ್ಳಿಯಲ್ಲೇ ಓದಿರಬೇಕು. ಮನೆ ಹಳ್ಳಿಯಲ್ಲಿದ್ದು ಹೈಸ್ಕೂಲು ಪಟ್ಟಣ ಪಂಚಾಯ್ತಿ ಗಡಿಯೊಳಗಿದ್ದರೆ ಆಗದು. ಇದರ ಪ್ರಮಾಣಪತ್ರಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಬೇಕು. ಶಿರಸಿಯ ಅರಣ್ಯ ಕಾಲೇಜಿನ ಕನಸಿರುವವರು ಇದನ್ನು ಮಾರ್ಚಿಗೇ ಮುಗಿಸಿಕೊಳ್ಳಲಿ.

ಟ್ರಸ್ಟ್‌ಗಳ ಅರ್ಜಿಯಲ್ಲಿ ‘ನಿಮ್ಮ ಗುರಿ’ ಎಂಬ ಅಂಕಣ ಇರುತ್ತದೆ, ಸಾಮಾನ್ಯವಾಗಿ ನೂರೈವತ್ತು, ಇನ್ನೂರು ಶಬ್ದ. ಮಕ್ಕಳು ಮೊದಲು ಬರೆಯುವುದು ಹೀಗೆ: ‘ನನಗೆ ಚಿಕ್ಕಂದಿನಿಂದಲೂ ವಿಜ್ಞಾನದಲ್ಲಿ ಆಸಕ್ತಿಯಿದ್ದು, ಉನ್ನತ ವ್ಯಾಸಂಗ ಮಾಡಿ ಸಮಾಜಸೇವೆ ಮಾಡಬೇಕೆಂಬ ಹಂಬಲವಿದೆ.’ ಇದನ್ನು ಯಾರು ಬೇಕಾದರೂ ಬರೆದಿರಬಹುದು. ಮನೆಯಲ್ಲಿ ಯಾರು ಏನು ಕೆಲಸ ಮಾಡುತ್ತಾರೆ, ಅದರಲ್ಲಿ ನೀನು ಕಂಡ ಒಂದು ಸಂಗತಿ ಏನು, ಅದಕ್ಕೆ ಯಾವ ಓದು ಬೇಕು ಎಂದು ಕೇಳುತ್ತಾ ಹೋದರೆ ಹೀಗಾಗುತ್ತದೆ: ‘ಅಮ್ಮ ಅಘನಾಶಿನಿ ಅಳಿವೆಯಲ್ಲಿ ಬಳಚು ಎಂಬ ಚಿಪ್ಪುಮೀನು ಆರಿಸಿ ಮಾರುತ್ತಾಳೆ. ಮಳೆಗಾಲದಲ್ಲಿ ನೀರು ಸಿಹಿಯಾದಾಗ ಬಳಚು ಸಾಯುವುದನ್ನು ನೋಡಿದ್ದೇನೆ. ಕುಮಟಾದಲ್ಲಿ ಬಿಎಸ್‌ಸಿ ಮುಗಿಸಿ ಕಾರವಾರದ ಕೋಡಿಬಾಗದಲ್ಲಿ ಸಾಗರ ಜೀವಶಾಸ್ತ್ರದ ಎಂಎಸ್‌ಸಿ ಮಾಡಬೇಕು.’ ಮನೆಯ ಕೆಲಸ, ಕಂಡ ಸಂಗತಿ, ಬೇಕಾದ ಓದು ಮೂರೂ ಬಂದವು. ಇದನ್ನು ಬಡತನದ ಅಳಲು ಮಾಡಬೇಡಿ. ಆದಾಯ ಪ್ರಮಾಣಪತ್ರ ಆ ಕೆಲಸ ಮಾಡುತ್ತದೆ. ಸಂದರ್ಶನದಲ್ಲಿ ಇದೇ ವಾಕ್ಯ ಹಿಡಿದು ‘ಬಳಚು ಯಾಕೆ ಸಾಯುತ್ತದೆ’ ಎಂದು ಕೇಳುತ್ತಾರೆ. ಉಪ್ಪಿನಂಶ ಇಳಿಯುವ ವಿಚಾರ ಹುಡುಗಿಗೆ ಗೊತ್ತಿರಬೇಕು, ಗೊತ್ತಿಲ್ಲದ್ದನ್ನು ಬರೆಸಲೇಬಾರದು.

ಅರ್ಜಿ ಸಲ್ಲಿಸಿದ ಮೇಲೆ ಮೂಲ ದಾಖಲೆ ಹಿಡಿದು ಕಾಲೇಜಿನ ನೋಡಲ್ ಅಧಿಕಾರಿಯ ಎದುರು ನಿಲ್ಲಬೇಕು. ಅವರು ಪರಿಶೀಲಿಸಿ ಮುಂದೆ ಕಳಿಸದಿದ್ದರೆ ಅರ್ಜಿ ಅಲ್ಲೇ ಕೊಳೆಯುತ್ತದೆ. ರಾಷ್ಟ್ರೀಯ ಪೋರ್ಟಲ್‌ನಲ್ಲಿ ‘ಡಿಫೆಕ್ಟಿವ್’ ಎಂದು ಬಂದರೆ ತಿರಸ್ಕಾರವಲ್ಲ, ತಿದ್ದಿ ಮತ್ತೆ ಸಲ್ಲಿಸಿ ಎಂದರ್ಥ. ಅದಕ್ಕೂ ಕೊನೆ ದಿನವಿದೆ. ಹದಿನೈದು ದಿನಕ್ಕೊಮ್ಮೆ ಲಾಗಿನ್ ಆಗಿ ನೋಡುವುದು ಮಗುವಿನ ಕೆಲಸ, ಸೈಬರ್ ಅಂಗಡಿಯವನದ್ದಲ್ಲ. ಪಾಸ್‌ವರ್ಡನ್ನು ಅಂಗಡಿಯವನ ಡೈರಿಯಲ್ಲಿ ಬಿಟ್ಟು ಬಂದವರು ಮುಂದಿನ ವರ್ಷ ನವೀಕರಣಕ್ಕೆ ಪರದಾಡುತ್ತಾರೆ.

ದುಡ್ಡು ಜೂನ್‌ನಲ್ಲಿ ಬರುವುದಿಲ್ಲ. ವರ್ಷದ ನಡುವೆಯೋ ಕೊನೆಗೋ ಬರುತ್ತದೆ. ಹಾಗಾಗಿ ಪ್ರವೇಶ ಶುಲ್ಕ, ಮೊದಲ ತಿಂಗಳುಗಳ ಹಾಸ್ಟೆಲ್ ಖರ್ಚು ಮನೆಯಿಂದಲೇ ಆಗಬೇಕು. ಆ ಸನ್ಮಾನದ ಲಕೋಟೆಗಳನ್ನು ಇದಕ್ಕೇ ಎತ್ತಿಡಿ ಎಂದು ಹೇಳುತ್ತೇನೆ. ಬಸ್ಸಿನ ಲೆಕ್ಕದಲ್ಲಿ ಹುಡುಗಿಯರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಇದೆ, ಹುಡುಗರು ವಿದ್ಯಾರ್ಥಿ ಪಾಸ್ ಮಾಡಿಸಬೇಕು. ಸೆಂಟ್ರಲ್ ಸೆಕ್ಟರ್ ನವೀಕರಣಕ್ಕೆ ಶೇಕಡಾ 50 ಅಂಕ, ಶೇಕಡಾ 75 ಹಾಜರಾತಿ ಬೇಕು. ಹುಡುಗರು ಅಂಕದಲ್ಲಿ ಬೀಳುವುದಿಲ್ಲ, ಅಡಿಕೆ ಕೊಯ್ಲಿನ ತಿಂಗಳಲ್ಲಿ ಹಾಜರಾತಿಯಲ್ಲಿ ಬೀಳುತ್ತಾರೆ.